ಟೋಕಿಯೋಗೆ ಬರುತ್ತಿರುವ ನಿಮಗೆ: ಊಟದ ಮಾತು, ಜೊತೆಗೆ ಉಳಿದ ಮಾತು

ನಿಮ್ಮ ಪತ್ರ ಓದಿದೆ. ಏಪ್ರಿಲ್‌ನಲ್ಲಿ ಟೋಕಿಯೋದಲ್ಲಿ ಕೆಲಸಕ್ಕೆ ಸೇರುತ್ತೀರಿ, ಹೆಂಡತಿ ಮತ್ತು ಐದು ವರ್ಷದ ಮಗಳು ಜೂನ್ ಹೊತ್ತಿಗೆ ಬರುತ್ತಾರೆ, ಮನೆಯಲ್ಲಿ ಯಾರೂ ಮೊಟ್ಟೆ ಕೂಡ ಮುಟ್ಟುವುದಿಲ್ಲ. "ಅಕ್ಕಾ, ಅಲ್ಲಿ ನಮ್ಮಂಥವರು ಇರೋಕಾಗುತ್ತಾ? ಚೈನೀಸ್, ಕೊರಿಯನ್ ಹೋಟೆಲ್‌ನಲ್ಲಾದರೂ ಏನಾದರೂ ಸಿಗುತ್ತಾ? ನಮ್ಮವರು ಇರೋ ಏರಿಯಾದಲ್ಲೇ ಮನೆ ಮಾಡಿದರೆ ಸಾಕಲ್ವಾ?" ಅಂತ ಕೇಳಿದ್ದೀರಿ. ಮೊದಲ ಎರಡು ಪ್ರಶ್ನೆಗೆ ಧೈರ್ಯವಾಗಿ ಹೌದು ಅನ್ನುತ್ತೇನೆ. ಮೂರನೆಯದಕ್ಕೆ ಸಾಲದು ಅನ್ನುತ್ತೇನೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಓದಿ.

ಊಟದಿಂದಲೇ ಶುರು ಮಾಡೋಣ. ಮಾಂಸದ ತುಂಡು ಕಣ್ಣಿಗೆ ಕಾಣುತ್ತದೆ, ತಪ್ಪಿಸಿಕೊಳ್ಳಬಹುದು. ಕಣ್ಣಿಗೆ ಕಾಣದೆ ತಟ್ಟೆಗೆ ಬರುವುದು ದಾಶಿ. ಕತ್ಸುಓ ಅನ್ನುವ ಮೀನನ್ನು ಬೇಯಿಸಿ, ಹೊಗೆಯಲ್ಲಿ ಒಣಗಿಸಿ, ಗಟ್ಟಿಯಾದ ಮೇಲೆ ತೆಳ್ಳಗೆ ಹೆರೆಯುತ್ತಾರೆ. ಅದನ್ನು ಬಿಸಿನೀರಿಗೆ ಹಾಕಿ ಸೋಸಿದರೆ ಬರುವ ತಿಳಿನೀರೇ ದಾಶಿ. ಮಿಸೋ ಅನ್ನುವ ಹುದುಗಿಸಿದ ಸೋಯಾ ಮುದ್ದೆಯ ಸೂಪ್‌ಗೆ ಅದೇ ಬುಡ. ಉದೋನ್ ನೂಡಲ್ಸಿನ ಸಾರಿಗೂ ಅದೇ, ಸೋಬಾ ನೂಡಲ್ಸ್ ಅದ್ದಿ ತಿನ್ನುವ ರಸಕ್ಕೂ ಅದೇ. ಬೇಯಿಸಿದ ಕುಂಬಳಕಾಯಿ, ತೋಫು ಮೇಲೆ ಹನಿಸುವ ಸಾಸ್ ಎಲ್ಲದರಲ್ಲೂ ಇರಬಹುದು.

"ಮಾಂಸ ಹಾಕಿಲ್ಲ ತಾನೆ?" ಅಂತ ಕೇಳಿದರೆ ಹೋಟೆಲಿನವರು "ಇಲ್ಲ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಇದಕ್ಕೆ ಹಳೆಯ ಕಾರಣ ಇದೆ. 675ರಲ್ಲಿ ತೆಮ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿ ಇವುಗಳನ್ನು ಬೇಸಾಯದ ತಿಂಗಳುಗಳಲ್ಲಿ ತಿನ್ನಬಾರದು ಅಂತ ಅಪ್ಪಣೆ ಹೊರಡಿಸಿದ. ಬೌದ್ಧಧರ್ಮದ ಪ್ರಭಾವವೂ ಸೇರಿ ಸಾವಿರ ವರ್ಷಕ್ಕೂ ಜಾಸ್ತಿ ಕಾಲ ಇಲ್ಲಿ ಮಾಂಸ ತಿನ್ನುವುದು ತಪ್ಪು ಅನ್ನುವ ಭಾವನೆ ಇತ್ತು. ಮೇಜಿ ಚಕ್ರವರ್ತಿ ದನದ ಮಾಂಸ ತಿಂದ ಸುದ್ದಿ 1872ರಲ್ಲಿ ಹೊರಬಂದಾಗ ಅದು ದೊಡ್ಡ ವಿಷಯವಾಯಿತು. ಆದರೆ ಮೀನಿನ ಮೇಲೆ ಅಷ್ಟು ಕಾಲ ನಿಂತ ನಿಷೇಧ ಬರಲೇ ಇಲ್ಲ. ಹಾಗಾಗಿ ಮೀನಿನ ರಸ ಇಲ್ಲಿನವರ ಮನಸ್ಸಿನಲ್ಲಿ ಮಾಂಸದ ಲೆಕ್ಕಕ್ಕೆ ಬರುವುದೇ ಇಲ್ಲ.

ಆದ್ದರಿಂದ ಪ್ರಶ್ನೆ ಬದಲಿಸಿ. "ಕತ್ಸುಓ ದಾಶಿ ಹಾಯಿತ್ತೆ ಇಮಾಸು ಕಾ?" ಅಂತ ಕೇಳಿ. ಅದರಲ್ಲಿ ಮೀನಿನ ದಾಶಿ ಇದೆಯಾ ಅಂತ ನೇರ ಪ್ರಶ್ನೆ. ಒಳಗೆ ಹೋಗಿ ಅಡುಗೆಯವರನ್ನೇ ಕೇಳಿಕೊಂಡು ಬರುತ್ತಾರೆ. ಅಂಗಡಿಯಲ್ಲಿ ಪೊಟ್ಟಣ ಕೊಳ್ಳುವಾಗಲೂ ಒಂದು ಎಚ್ಚರಿಕೆ. ಹಿಂದೆ ಅಲರ್ಜಿಯ ಪಟ್ಟಿ ಇರುತ್ತದೆ. ಹಾಲು, ಮೊಟ್ಟೆ, ಗೋಧಿ, ಸೀಗಡಿ, ಏಡಿ ಎಲ್ಲ ಅದರಲ್ಲಿ ಸಿಗುತ್ತವೆ. ಮೊಟ್ಟೆ ಬೇಡದ ನಿಮಗೆ ಅದರಿಂದ ಉಪಕಾರವೇ. ಆದರೆ ಕತ್ಸುಓ ಆ ಪಟ್ಟಿಯಲ್ಲಿ ಇಲ್ಲ. ಅದಕ್ಕೆ ಮೇಲಿನ ಪದಾರ್ಥಗಳ ಸಾಲು ಪೂರ್ತಿ ಓದಬೇಕು. ಮೊಬೈಲ್ ಕ್ಯಾಮೆರಾ ಹಿಡಿದರೆ ಅನುವಾದ ಬರುತ್ತದೆ. "ಎಕಿಸು" ಅಂತ ಕೊನೆಯಾಗುವ ಪದಾರ್ಥ ಕಂಡರೆ ಯಾವುದರ ಸತ್ವ ಅಂತ ನೋಡಿ. ಆಲೂಗೆಡ್ಡೆ ಚಿಪ್ಸ್‌ನಲ್ಲೂ ಕೋಳಿಯದು ಇರುತ್ತದೆ. ಜಪಾನಿ ಕರಿ ಮಾಡುವ ಗಟ್ಟಿ ಮಸಾಲೆಯಲ್ಲಿ ಸಾಮಾನ್ಯವಾಗಿ ದನದ್ದೋ ಹಂದಿಯದೋ ಕೊಬ್ಬು ಇರುತ್ತದೆ. ಕರಿ ಅನ್ನುವ ಹೆಸರು ನೋಡಿ ನಮ್ಮದು ಅಂದುಕೊಳ್ಳಬೇಡಿ, ಅದು ಮೇಜಿ ಕಾಲದಲ್ಲಿ ಇಂಗ್ಲಿಷರ ಮೂಲಕ ಬಂದದ್ದು. ನಮ್ಮ ದೇಶದಿಂದ ನೇರವಾಗಿ ಬಂದ ಕರಿ ಒಂದಿದೆ. 1915ರಲ್ಲಿ ಬ್ರಿಟಿಷರಿಂದ ತಪ್ಪಿಸಿಕೊಂಡು ಜಪಾನಿಗೆ ಬಂದ ಸ್ವಾತಂತ್ರ್ಯ ಹೋರಾಟಗಾರ ರಾಸ್ ಬಿಹಾರಿ ಬೋಸ್ ಅವರಿಗೆ ಶಿಂಜುಕುವಿನ ನಾಕಾಮುರಾಯಾ ಅಂಗಡಿಯ ಮನೆಯವರು ಆಶ್ರಯ ಕೊಟ್ಟರು. ಆ ಮನೆಯ ಮಗಳನ್ನೇ ಅವರು ಮದುವೆಯಾದರು. 1927ರಿಂದ ಅಲ್ಲಿ ಅವರು ಕಲಿಸಿದ ಕರಿ ಬಡಿಸುತ್ತಿದ್ದಾರೆ. ಕೋಳಿಯದಾದ್ದರಿಂದ ನಮಗೆ ಆಗಿಬರುವುದಿಲ್ಲ. ಆದರೂ ಆ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ಅವರ ನೆನಪು ಬರುತ್ತದೆ.

ಮನೆಯಲ್ಲಿ ಜಪಾನಿ ಅಡುಗೆ ಖಂಡಿತ ಮಾಡಿ. ಕೊಂಬು ಅನ್ನುವ ಒಣಗಿದ ಕಡಲಪಾಚಿಯ ಒಂದು ಅಗಲದ ತುಂಡು, ಎರಡು ಒಣ ಶಿಟಾಕೆ ಅಣಬೆ, ಇವನ್ನು ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿ. ಬೆಳಗ್ಗೆ ಸಣ್ಣ ಉರಿಯಲ್ಲಿಡಿ. ಕುದಿ ಬರುವ ಮುಂಚೆ ಕೊಂಬು ತೆಗೆದುಬಿಡಿ, ಇಲ್ಲದಿದ್ದರೆ ಲೋಳೆ ಬಿಡುತ್ತದೆ. ಬೌದ್ಧ ಮಠಗಳ ಶೋಜಿನ್ ಅನ್ನುವ ಸಸ್ಯಾಹಾರಿ ಅಡುಗೆಗೆ ಇದೇ ದಾಶಿ. 1908ರಲ್ಲಿ ಇಕೆದಾ ಕಿಕುನಾಏ ಅನ್ನುವ ವಿಜ್ಞಾನಿ ಉಮಾಮಿ ಅನ್ನುವ ಐದನೆಯ ರುಚಿಯ ಮೂಲ ಕಂಡುಹಿಡಿದದ್ದೂ ಈ ಕೊಂಬುವಿನಿಂದಲೇ. ಹಾಗಾಗಿ ಮೀನಿಲ್ಲದಿದ್ದರೆ ರುಚಿ ಬರಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮಿಸೋ ಕೊಳ್ಳುವಾಗ "ದಾಶಿ ಇರಿ" ಅಂತ ಬರೆದದ್ದು ಬೇಡ, ಅದರಲ್ಲಿ ಮೊದಲೇ ಮೀನು ಸೇರಿಸಿರುತ್ತಾರೆ. ಒಲೆ ಆರಿಸಿದ ಮೇಲೆ ಮಿಸೋ ಕದಡಿ. ಸಿಹಿಯ ವಿಷಯದಲ್ಲಿ ಚಿಂತೆ ಕಡಿಮೆ. ಅಜುಕಿ ಕಾಳು ಬೇಯಿಸಿ ಸಕ್ಕರೆ ಹಾಕಿ ಮಗುಚಿದ ಅಂಕೋ ನಮ್ಮ ಹೂರಣದ ಹಾಗೇ ಇರುತ್ತದೆ. ಅದರಿಂದ ಮಾಡುವ ದೈಫುಕು, ಯೋಕಾನ್ ಸಿಹಿಗಳು ಮಗಳಿಗೆ ಹಿಡಿಸಬಹುದು.

ಈಗ ಮೂರನೆಯ ಪ್ರಶ್ನೆಗೆ ಬರುತ್ತೇನೆ. ನೀವು ಕೇಳಿದ ನಿಶಿಕಸಾಯ್ ಒಳ್ಳೆಯ ಜಾಗ. ಎದೋಗಾವಾ ವಾರ್ಡಿನಲ್ಲಿದೆ, ತೋಜಾಯ್ ಮೆಟ್ರೋ ಲೈನ್. 2000ದ ಆಸುಪಾಸಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಬಂದ ನಮ್ಮವರು ಅಲ್ಲಿ ನೆಲೆ ನಿಂತರು. ಬೇಳೆ, ರವೆ, ಹುಣಸೆಹಣ್ಣು ನಡೆದು ಹೋಗುವ ದೂರದಲ್ಲಿ ಸಿಗುತ್ತವೆ. ಅಲ್ಲಿ ಮನೆ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಅಲ್ಲೇ ಮುಚ್ಚಿಕೊಂಡು ಇರಬೇಡಿ. ಎಷ್ಟೋ ಸಂಸಾರಗಳನ್ನು ನೋಡಿದ್ದೇನೆ. ಗಂಡ ಆಫೀಸಿನಲ್ಲಿ ಊಟದ ಹೊತ್ತಿಗೆ ಒಬ್ಬರೇ ಕೂರುತ್ತಾರೆ, ಹೆಂಡತಿ ಭಾರತದ ಅಂಗಡಿ ಬಿಟ್ಟು ಬೇರೆ ಕಡೆ ಹೋಗುವುದಿಲ್ಲ. ಮಡಿ, ಮುಜುಗರ, ಭಾಷೆ ಬರದ ಹೆದರಿಕೆ ಎಲ್ಲ ಸೇರಿ ಹಾಗಾಗುತ್ತದೆ. ಆಮೇಲೆ "ಈ ಊರಿನ ಜನ ಬೆರೆಯಲ್ಲ" ಅನ್ನುತ್ತಾರೆ. ನನಗೆ ಅದು ಕೇಳಿದಾಗಲೆಲ್ಲ ಬೇಜಾರಾಗುತ್ತದೆ. ಇಲ್ಲಿ ಜನ ಹತ್ತಿರ ಆಗುವುದು ಊಟದ ಜಾಗದಲ್ಲೇ. ನೀವು ಏನು ತಿನ್ನುವುದಿಲ್ಲ ಅಂತ ಮೊದಲ ದಿನವೇ ಸ್ಪಷ್ಟವಾಗಿ ಹೇಳಿ, ಆಮೇಲೆ ಅವರ ಜೊತೆ ಕುಳಿತುಕೊಳ್ಳಿ. ಹೇಳಿದರೆ ಅವರು ಬೇಸರ ಮಾಡಿಕೊಳ್ಳುವುದಿಲ್ಲ. ಹೇಳದೆ ಬಡಿಸಿದ್ದನ್ನು ಹಾಗೇ ಬಿಟ್ಟರೆ ನೊಂದುಕೊಳ್ಳುತ್ತಾರೆ. ಆಫೀಸಿಗೆ ಮನೆಯಿಂದ ಬೆಂತೋ, ಅಂದರೆ ಊಟದ ಡಬ್ಬಿ, ಒಯ್ಯುವುದು ಇಲ್ಲಿ ಮಾಮೂಲಿ, ಚಿತ್ರಾನ್ನದ ಡಬ್ಬಿ ಯಾರ ಕಣ್ಣಿಗೂ ವಿಚಿತ್ರ ಕಾಣುವುದಿಲ್ಲ. ಸಂಜೆಯ ಪಾರ್ಟಿಗೆ ಕರೆದರೆ ಹೋಗಿ. ಉಪ್ಪು ಹಾಕಿ ಬೇಯಿಸಿದ ಎದಮಾಮೆ ಅನ್ನುವ ಎಳೆ ಸೋಯಾ ಕಾಯಿ, ಹುರಿದ ಗಿಂಕೋ ಬೀಜ, ಸೌತೆಕಾಯಿ ಸುಶಿ, ಇಷ್ಟು ಸಿಕ್ಕರೂ ಸಾಕು. ಕುಡಿಯಲೇಬೇಕು ಅಂತಿಲ್ಲ, ಊಲಾಂಗ್ ಟೀ ಹೇಳಿ.

ನಮ್ಮ ಪಕ್ಕದ ಮನೆಯ ಅಜ್ಜಿಯ ಒಂದು ಸಂಗತಿ ಹೇಳುತ್ತೇನೆ. ಏಪ್ರಿಲ್ ಬಂತೆಂದರೆ ಇಲ್ಲಿ ತಕೆನೊಕೊ ಸಮಯ, ಅಂದರೆ ನಮ್ಮ ಕಳಲೆ. ನಾನು ಸಾಗರದ ಕಡೆಯವಳು. ನಮ್ಮಲ್ಲಿ ಅದು ಮಳೆಗಾಲದ್ದು. ಹೆಚ್ಚಿ, ದಿನಾ ನೀರು ಬದಲಿಸಿ, ಎರಡು ಮೂರು ದಿನ ನೆನೆಸಿಟ್ಟು ಕಹಿ ತೆಗೆಯುತ್ತೇವೆ. ಒಂದು ಬೆಳಗ್ಗೆ ಅಜ್ಜಿ ಪೇಪರಿನಲ್ಲಿ ಸುತ್ತಿದ ದಪ್ಪ ಕಳಲೆ ತಂದರು, ಮಣ್ಣು ಇನ್ನೂ ಹಸಿಯಾಗಿತ್ತು. ಜೊತೆಗೆ ಒಂದು ಚೀಲ ಅಕ್ಕಿ ತೌಡು, ಒಂದು ಒಣಮೆಣಸಿನಕಾಯಿ. ಸಿಪ್ಪೆ ಸಮೇತ ತೌಡಿನ ನೀರಿನಲ್ಲಿ ಒಂದು ಗಂಟೆ ಬೇಯಿಸಿ, ಅದೇ ನೀರಿನಲ್ಲಿ ಆರಲು ಬಿಡಬೇಕು ಅಂತ ಕೈಸನ್ನೆಯಲ್ಲೇ ತೋರಿಸಿದರು. ಆರಿದ ಮೇಲೆ ಸಿಪ್ಪೆ ಸುಲಿದರೆ ಒಳಗಿನದು ಬೆಣ್ಣೆಬಣ್ಣ, ಕಹಿ ಲವಲೇಶ ಇಲ್ಲ. ನಾನು ಹೆಸರುಕಾಳು ಹಾಕಿ, ಸಾಸಿವೆ ಒಗ್ಗರಣೆ ಕೊಟ್ಟು ಪಲ್ಯ ಮಾಡಿ ಒಂದು ಬಟ್ಟಲು ಅವರಿಗೆ ಕೊಟ್ಟೆ. ಮೀನು ತಿನ್ನುವುದಿಲ್ಲ, ದಾಶಿಯಲ್ಲೂ ಬೇಡ ಅಂತ ಅದೇ ಹೊತ್ತಿಗೆ ಹೇಳಿದೆ. ಮಾರನೆಯ ವಾರ ಅವರು ತಕೆನೊಕೊ ಅನ್ನ ತಂದುಕೊಟ್ಟಾಗ ಡಬ್ಬಿಯ ಮೇಲೆ ಚೀಟಿ ಅಂಟಿಸಿದ್ದರು: ಕೊಂಬು ಮಾತ್ರ. ಅಲ್ಲಿಂದ ಮುಂದೆ ಅವರ ಮನೆಯಿಂದ ಏನು ಬಂದರೂ ನಾವು ಕೇಳದೆ ತಿನ್ನುತ್ತೇವೆ.

ಚೈನೀಸ್, ಕೊರಿಯನ್ ಊಟಕ್ಕೆ ಟೋಕಿಯೋ ಬಿಟ್ಟು ದೂರ ಹೋಗಬೇಕಾಗಿಲ್ಲ. ಶಿಂಜುಕು ಪಕ್ಕದ ಶಿನ್ ಓಕುಬೋ ಕೊರಿಯಾದವರ ಬೀದಿ. ಬಿಬಿಂಬಾಪ್‌ಗೆ ಮಾಂಸ, ಮೊಟ್ಟೆ ಬೇಡ ಅನ್ನಿ, ತರಕಾರಿ, ಅನ್ನ, ಗೋಚುಜಾಂಗ್ ಖಾರ ಕಲಸಿಕೊಂಡರೆ ಹೊಟ್ಟೆ ತುಂಬುತ್ತದೆ. ಬೆಲ್ಲದಂಥ ಸಕ್ಕರೆ, ದಾಲ್ಚಿನ್ನಿ ತುಂಬಿದ ಹೊತ್ತೊಕ್ ಅನ್ನುವ ಸಿಹಿರೊಟ್ಟಿ ಬಿಸಿಬಿಸಿ ತಿನ್ನಬೇಕು. ಕಿಮ್ಚಿ ಅನ್ನುವ ಅವರ ತರಕಾರಿ ಉಪ್ಪಿನಕಾಯಿಯನ್ನು ಮಾತ್ರ ನಂಬಬೇಡಿ, ಸಾಮಾನ್ಯವಾಗಿ ಅದಕ್ಕೆ ಉಪ್ಪಿನ ಸೀಗಡಿ ಅಥವಾ ಮೀನಿನ ರಸ ಹಾಕುತ್ತಾರೆ. ಅದೇ ಸ್ಟೇಷನ್ನಿನ ಇನ್ನೊಂದು ಗಲ್ಲಿಯಲ್ಲಿ ಹಲಾಲ್ ಅಂಗಡಿಗಳಿವೆ. ತೊಗರಿಬೇಳೆ, ಮಸಾಲೆ, ಫ್ರೋಜನ್ ನುಗ್ಗೆಕಾಯಿ ಅಲ್ಲಿಂದಲೇ ತನ್ನಿ. ಚೈನೀಸ್‌ಗೆ ಯೊಕೊಹಾಮಾದ ಚೈನಾಟೌನ್ ನೋಡಲು ಚಂದ. 1859ರಲ್ಲಿ ಬಂದರು ತೆರೆದ ಮೇಲೆ ಬೆಳೆದ ಪೇಟೆ ಅದು. ದಿನದ ಊಟಕ್ಕೆ ಇಕೆಬುಕುರೋ ಸ್ಟೇಷನ್ನಿನ ಪಶ್ಚಿಮ ಬಾಗಿಲ ಉತ್ತರ ಭಾಗಕ್ಕೆ ಹೋಗಿ. ಆಲೂ, ಬದನೆ, ದಪ್ಪ ಮೆಣಸಿನಕಾಯಿ ಹುರಿದು ಮಾಡುವ ದಿ ಸಾನ್ ಶಿಯಾನ್ ಕೇಳಿ, ಆಯ್ಸ್ಟರ್ ಸಾಸ್ ಬೇಡ ಅಂತ ಹೇಳಿ. ತೈವಾನಿನವರ ಸಸ್ಯಾಹಾರಿ ಹೋಟೆಲ್ ಕಂಡರೆ ಬಿಡಬೇಡಿ. ಬೌದ್ಧ ಪದ್ಧತಿಯಲ್ಲಿ ಮಾಡಿದ್ದಾದರೆ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಗೋಬಿ ಮಂಚೂರಿ ಮಾತ್ರ ಎಲ್ಲೂ ಹುಡುಕಬೇಡಿ, ಅದು ನಮ್ಮ ದೇಶದಲ್ಲೇ ಹುಟ್ಟಿದ್ದು.

ಜಪಾನಿ, ಕೊರಿಯನ್, ಚೀನಿ, ಈ ಮೂವರ ಊಟದ ರೀತಿಯೂ ಬೇರೆ ಬೇರೆ. ಜಪಾನಿನಲ್ಲಿ ಅನ್ನದ ಬಟ್ಟಲು ಕೈಗೆತ್ತಿಕೊಳ್ಳಬೇಕು. ಕೊರಿಯಾದಲ್ಲಿ ಮೇಜಿನ ಮೇಲೇ ಬಿಟ್ಟು ಚಮಚದಲ್ಲಿ ತಿನ್ನುತ್ತಾರೆ, ಹಿರಿಯರು ಶುರು ಮಾಡುವ ತನಕ ಕಾಯುತ್ತಾರೆ. ಚೀನಿಯರ ಊಟ ನಡುವೆ ಇಟ್ಟು ಹಂಚಿಕೊಳ್ಳುವ ಊಟ. ಒಂದನ್ನು ಮಗಳಿಗೆ ಬಂದ ದಿನವೇ ಕಲಿಸಿ: ಚಾಪ್‌ಸ್ಟಿಕ್ ಅನ್ನದಲ್ಲಿ ನೆಟ್ಟಗೆ ಚುಚ್ಚಬಾರದು. ಇಲ್ಲಿ ಸತ್ತವರಿಗೆ ಇಡುವ ಅನ್ನದಲ್ಲಿ ಹಾಗೆ ನಿಲ್ಲಿಸುತ್ತಾರೆ. ಕಡ್ಡಿಯಿಂದ ಕಡ್ಡಿಗೆ ತಿಂಡಿ ದಾಟಿಸುವುದೂ ಬೇಡ. ದಹನದ ನಂತರ ಅಸ್ಥಿ ಎತ್ತುವ ಕ್ರಮ ಅದು. ಶ್ರಾದ್ಧ, ಪಿಂಡ ಗೊತ್ತಿರುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹಬ್ಬಕ್ಕೆ ದೇವಸ್ಥಾನ ಬೇಕೆನ್ನಿಸಿದರೆ ಎದೋಗಾವಾದ ಫುನಾಬೋರಿಯಲ್ಲಿ ಇಸ್ಕಾನ್ ಮಂದಿರ ಇದೆ. ಹಾಗೇ ಉಏನೋ ಕೆರೆಯ ನಡುವಿನ ಬೆಂಜಾಯ್ತೆನ್ ಗುಡಿಗೂ ಹೋಗಿ ಬನ್ನಿ, ಆಕೆ ನಮ್ಮ ಸರಸ್ವತಿ. ಅಸಾಕುಸಾದ ಮತ್ಸುಚಿಯಾಮಾ ಶೋದೆನ್‌ನಲ್ಲಿರುವುದು ಗಣೇಶನ ಜಪಾನಿ ರೂಪ. ಮೂರ್ತಿಯನ್ನು ಯಾರಿಗೂ ತೋರಿಸುವುದಿಲ್ಲ, ಭಕ್ತರು ಮೂಲಂಗಿ ಅರ್ಪಿಸುತ್ತಾರೆ.

ಹಣದ ವಿಷಯ ಬೇಗ ಮುಗಿಸುತ್ತೇನೆ. ಮನೆಗೆ ಯುಆರ್ ಅನ್ನುವ ಸರ್ಕಾರಿ ಸಂಸ್ಥೆಯ ಬಾಡಿಗೆ ಕಟ್ಟಡಗಳನ್ನು ಮೊದಲು ನೋಡಿ. ಅಲ್ಲಿ ಮಾಲೀಕರಿಗೆ ಸುಮ್ನೆ ಕೊಡುವ ರೇಕಿನ್ ಇಲ್ಲ, ಬ್ರೋಕರ್ ಫೀಸ್ ಇಲ್ಲ, ಜಾಮೀನುದಾರರೂ ಬೇಕಿಲ್ಲ. ಮನೆ ಸೇರಿದ 14 ದಿನದೊಳಗೆ ವಾರ್ಡ್ ಕಚೇರಿಯಲ್ಲಿ ವಿಳಾಸ ದಾಖಲಿಸಬೇಕು. ಕಸ ಬೇರ್ಪಡಿಸುವ ಪಟ್ಟಿಯನ್ನೂ ಅಲ್ಲೇ ಕೇಳಿ. ಕರಿದ ಎಣ್ಣೆಯನ್ನು ಸಿಂಕಿಗೆ ಚೆಲ್ಲಬೇಡಿ, ಬಿಸಿ ಇರುವಾಗ ಬೆರೆಸಿದರೆ ಗಟ್ಟಿಯಾಗುವ ಪುಡಿ ಸಿಗುತ್ತದೆ, ಗಡ್ಡೆಯಾದ ಮೇಲೆ ಸುಡುವ ಕಸಕ್ಕೆ ಹಾಕಿ. ನಿವಾಸಿ ತೆರಿಗೆ ಹಿಂದಿನ ವರ್ಷದ ಸಂಬಳದ ಮೇಲೆ, ಸುಮಾರು ಶೇ 10. ಮೊದಲ ವರ್ಷ ಕಡಿತ ಇರುವುದಿಲ್ಲ, ಎರಡನೆಯ ವರ್ಷದ ಜೂನ್‌ನಿಂದ ಶುರುವಾಗುತ್ತದೆ. ಈಗಿನಿಂದಲೇ ಎತ್ತಿಡಿ.

ನಿಮ್ಮ ಹೆಂಡತಿಯ ಬಗ್ಗೆ ನೀವು ಜಾಸ್ತಿ ಬರೆದಿಲ್ಲ. ನನಗೆ ಅದೇ ಯೋಚನೆ. ನಿಮಗೆ ಆಫೀಸಿದೆ, ಮಗಳಿಗೆ ಶಾಲೆ ಇರುತ್ತದೆ. ಅವರಿಗೆ ದಿನಕ್ಕೆ ಎಂಟು ಹತ್ತು ಗಂಟೆ ಚಿಕ್ಕ ಮನೆ, ಭಾಷೆ ಬರದ ಊರು. ಡಿಪೆಂಡೆಂಟ್ ವೀಸಾದಲ್ಲಿ ಬಂದವರು ಅನುಮತಿ ಪಡೆದು ವಾರಕ್ಕೆ 28 ಗಂಟೆ ತನಕ ಕೆಲಸ ಮಾಡಬಹುದು. ಅರ್ಜಿ ಬೇಗ ಹಾಕಿಸಿ. ಸ್ವಯಂಸೇವಕರು ನಡೆಸುವ ಜಪಾನಿ ತರಗತಿ ವಾರ್ಡಿನಲ್ಲೇ ಇರುತ್ತದೆ, ಫೀಸ್ ಕಡಿಮೆ. ಹಿರಗಾನ, ಕತಕಾನ ಅನ್ನುವ ಜಪಾನಿ ಅಕ್ಷರಮಾಲೆ ಎರಡನ್ನೂ ಅವರು ಊರಿನಿಂದಲೇ ಕಲಿತು ಬಂದರೆ ಅರ್ಧ ಹೆದರಿಕೆ ಹೋಗುತ್ತದೆ. ಮಗಳ ಶಾಲೆ ನೀವಿಬ್ಬರೂ ಕೂತು ತೀರ್ಮಾನಿಸುವ ಮಾತು. ಎರಡು ಮೂರು ವರ್ಷಕ್ಕೆ ವಾಪಸ್ ಹೋಗುವುದಾದರೆ ಭಾರತೀಯ ಶಾಲೆ ಸರಿ. ಇಲ್ಲೇ ಇರುವ ಮನಸ್ಸಿದ್ದರೆ ವಾರ್ಡಿನ ಶಾಲೆಗೇ ಸೇರಿಸಿ ಅನ್ನುತ್ತೇನೆ. ಬೋಧನಾ ಶುಲ್ಕ ಇಲ್ಲ, ಆ ವಯಸ್ಸಿನಲ್ಲಿ ಭಾಷೆ ತಾನಾಗೇ ಬರುತ್ತದೆ. ಶಾಲೆಯ ಮಧ್ಯಾಹ್ನದ ಊಟದಲ್ಲಿ ಮಾಂಸ, ಮೀನು ಇರುತ್ತದೆ. ಸೇರುವ ಮುಂಚೆಯೇ ಟೀಚರ್ ಹತ್ತಿರ ಮಾತಾಡಿ, ಮನೆಯ ಬೆಂತೋ ಕಳಿಸಲು ಒಪ್ಪಿಸಿ. ಅವಳು ಬೇರೆ ಕೊಠಡಿಗೆ ಹೋಗದೆ, ಎಲ್ಲ ಮಕ್ಕಳ ಜೊತೆ ಅದೇ ಮೇಜಿನಲ್ಲಿ ತಿನ್ನುವ ಹಾಗೆ ಕೇಳಿಕೊಳ್ಳಿ.

ಸೂಟ್‌ಕೇಸಿನ ವಿಷಯ. ಇಲ್ಲಿನ ಕರೆಂಟ್ 100 ವೋಲ್ಟ್, ಊರಿನ ಮಿಕ್ಸಿ ನೇರವಾಗಿ ಓಡುವುದಿಲ್ಲ. ಸುಮ್ಮನೆ ಹೊತ್ತು ತರಬೇಡಿ, 110 ವೋಲ್ಟಿನದು ಸಿಕ್ಕರೆ ಮಾತ್ರ ತನ್ನಿ. ಹಸಿ ಕರಿಬೇವು ತರಬೇಡಿ, ಸರ್ಟಿಫಿಕೇಟ್ ಇಲ್ಲದ ಸೊಪ್ಪನ್ನು ವಿಮಾನ ನಿಲ್ದಾಣದಲ್ಲೇ ತೆಗೆದುಕೊಳ್ಳುತ್ತಾರೆ. ಡಾಕ್ಟರ್ ಬರೆದ ಮಾತ್ರೆ ಒಂದು ತಿಂಗಳಿಗಾಗುವಷ್ಟು ತರಬಹುದು, ಜಾಸ್ತಿ ಬೇಕಾದರೆ ಮೊದಲೇ ಅನುಮತಿ ಪಡೆಯಬೇಕು. ಶೀತದ ಮಾತ್ರೆಯಲ್ಲಿ ಸ್ಯೂಡೋಎಫೆಡ್ರಿನ್ ಶೇ 10ಕ್ಕಿಂತ ಜಾಸ್ತಿ ಇದ್ದರೆ ಅದು ಇಲ್ಲಿ ನಿಷಿದ್ಧ, ಹಾಳೆ ನೋಡಿ ಪ್ಯಾಕ್ ಮಾಡಿ. ಇಂಗು, ಸಾರಿನ ಪುಡಿ, ಮನೆಯ ಉಪ್ಪಿನಕಾಯಿ ಬರಲಿ. ಆಫೀಸಿನವರಿಗೆ ಕೊಡಲು ಒಂದೊಂದಾಗಿ ಸುತ್ತಿದ ಸಿಹಿ ಇರಲಿ.

ಆಫೀಸ್ ಯಾವ ಸ್ಟೇಷನ್ ಹತ್ತಿರ ಅಂತ ಬರೆಯಿರಿ. ಯಾವ ಲೈನಿನಲ್ಲಿ ಮನೆ ನೋಡಬೇಕು ಅಂತ ಅದರ ಮೇಲೆ ಹೇಳುತ್ತೇನೆ. ನಿಮ್ಮ ಹೆಂಡತಿಗೆ ನನ್ನ ನಂಬರ್ ಕೊಡಿ, ಹೊರಡುವ ಮುಂಚೆಯೇ ಒಂದು ಸಲ ಮಾತಾಡಲಿ.