ಪೆಡಲ್ ಇನ್ನೂ ಮೆತ್ತಗಿದೆ ಎಂದವರು ಅವರೇ ಅಲ್ವಾ?

ಈ ವಾರ ಬೇರೆ ಎರಡು ಪತ್ರಗಳಿಗೆ ಉತ್ತರ ಬರೆಯಬೇಕು ಎಂದುಕೊಂಡಿದ್ದೆ. ಅವು ಮುಂದಿನ ವಾರಕ್ಕೆ ಇರಲಿ. ಕಲಬುರಗಿಯಿಂದ ಬಂದ ಎಂಟು ಪುಟದ ಈ ಪತ್ರ ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಕೊಟ್ಟಿಲ್ಲ.

ಬರೆದವರಿಗೆ 38 ವರ್ಷ. ಒಂದು ಕಾಲೇಜಿನ ವರ್ಕ್‌ಶಾಪ್‌ನಲ್ಲಿ ಕೆಲಸ. ಹೆಂಡತಿ ಶಾಲೆಯಲ್ಲಿ ಟೀಚರ್. 10 ವರ್ಷದ ಒಬ್ಬ ಮಗ. ಸೇಡಂ ರಸ್ತೆ ಕಡೆ ಸ್ವಂತ ಮನೆ, ಮಗ್ಗುಲಲ್ಲಿ ಪತ್ರಾಸ್ ಶೆಡ್. ಆ ಶೆಡ್‌ನಲ್ಲಿ ಇವರು ನಾಲ್ಕು ವರ್ಷದಿಂದ ಒಂದು ಸ್ಪೋರ್ಟ್ಸ್ ಕಾರು ಕಟ್ಟುತ್ತಿದ್ದಾರೆ. ಗುಜರಿಗೆ ಹೊರಟಿದ್ದ ಮಾರುತಿ ಓಮ್ನಿಯ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆ್ಯಕ್ಸಲ್, ಗಾಲಿ ಎಲ್ಲ ತಂದು, ಒಂದಿಂಚಿನ ಚೌಕ ಪೈಪಿನಲ್ಲಿ ಚಾಸಿ ಕಟ್ಟಿದ್ದಾರೆ. ಇಲ್ಲಿಯವರೆಗೆ 3,40,000 ರೂಪಾಯಿ ಆಗಿದೆ. ಈಗ ಹೆಂಡತಿ, 'ಒಂದಾ ಗಾಡಿ ಇರಬೇಕು, ಇಲ್ಲಾ ನಾ ಇರಬೇಕು' ಅಂದಿದ್ದಾರೆ. 'ಅಕ್ಕಾವ್ರೆ, ಅರ್ಧಕ್ಕೇ ಮಾರಿಬಿಡಲಾ? ಇಲ್ಲ ಸುಮ್ನೆ ಮುಗಿಸಿ, ಆಮೇಲೆ ಅವಳ ಮನಸ್ಸು ಗೆಲ್ಲಲಾ?' ಇದು ಪ್ರಶ್ನೆ.

ತಮ್ಮಾ, ಮೊದಲು ನಿಮ್ಮ ಕೆಲಸದ ಮಾತು. ನೀವು ಕಟ್ಟುತ್ತಿರುವುದು ಲೋಟಸ್ ಸೆವೆನ್ ಅನ್ನುವ ಹಳೆಯ ಇಂಗ್ಲಿಷ್ ಕಾರಿನ ಮಾದರಿ ಎಂದು ಬರೆದಿದ್ದೀರಿ. ಅದರ ಬಗ್ಗೆ ಕೂತು ಓದಿದೆ. ಕಾಲಿನ್ ಚಾಪ್ಮನ್ ಅನ್ನುವವರು 1957ರಲ್ಲಿ ಹೊರತಂದದ್ದು. ಬಿಡಿಭಾಗಗಳಾಗಿ ಕೊಂಡರೆ ಅಲ್ಲಿ ತೆರಿಗೆ ಉಳಿಯುತ್ತಿತ್ತು. ಹಾಗಾಗಿ ಜನ ಮನೆಗೆ ಒಯ್ದು ತಾವೇ ಜೋಡಿಸಿಕೊಳ್ಳುತ್ತಿದ್ದರು. ಮೊದಲಿನ ಕಾರುಗಳ ಎಂಜಿನ್ನಿಗೆ ಇದ್ದದ್ದು ಸುಮಾರು 40 ಕುದುರೆ ಶಕ್ತಿ. ನಿಮ್ಮ ಓಮ್ನಿಯ 796 ಸಿಸಿ ಎಂಜಿನ್ ಅದಕ್ಕಿಂತ ತುಂಬಾ ಕಡಿಮೆಯೇನಲ್ಲ. ಗಾಡಿ ಹಗುರ ಇದ್ದರೆ ಅಷ್ಟೇ ಶಕ್ತಿಯಲ್ಲಿ ಜಿಗಿಯುತ್ತದೆ. ಮಾರುತಿ 800ರಲ್ಲಿ ಇದೇ ಎಂಜಿನ್ ಅಡ್ಡ ಕೂತು ಮುಂದಿನ ಗಾಲಿ ತಿರುಗಿಸುತ್ತದೆ. ಓಮ್ನಿಯಲ್ಲಿ ಉದ್ದಕ್ಕೆ ಕೂತು ಹಿಂದಿನ ಗಾಲಿ ತಿರುಗಿಸುತ್ತದೆ. ಅದಕ್ಕೇ ನೀವು 800 ಬಿಟ್ಟು ಓಮ್ನಿ ಹುಡುಕಿದ್ದು. ಇದು ತಲೆ ಇಟ್ಟು ಮಾಡಿದ ಕೆಲಸ. ಮೇ ತಿಂಗಳಲ್ಲಿ ಪತ್ರಾಸ್ ಕೆಳಗೆ ನಿಲ್ಲಲಾಗದೆ ಬೆಳಗಿನ ಐದಕ್ಕೆ ಎದ್ದು ಎಂಟರವರೆಗೆ ವೆಲ್ಡಿಂಗ್ ಮಾಡಿ, ಸ್ನಾನ ಮಾಡಿ ಕಾಲೇಜಿಗೆ ಹೋಗುತ್ತೀರಿ. ಕೈಕೆಲಸ ಹತ್ತಿದ ಮನುಷ್ಯನನ್ನು ಆ ಕೆಲಸ ಬಿಡಿಸಬಾರದು ಎಂದು ನಾನು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಇವತ್ತೂ ಅದೇ ಹೇಳುತ್ತೇನೆ. ಮಾರಬೇಡಿ.

ಹಣದ ವಿಷಯಕ್ಕೆ ನೀವು ಎರಡು ಪುಟ ಬರೆದಿದ್ದೀರಿ. ನಾಲ್ಕು ವರ್ಷಕ್ಕೆ ಭಾಗಿಸಿದರೆ ತಿಂಗಳಿಗೆ ಏಳು ಸಾವಿರ ಚಿಲ್ಲರೆ. ಇಬ್ಬರು ದುಡಿಯುವ ಮನೆ, ಸಾಲ ಇಲ್ಲ, ಲೆಕ್ಕ ಒಂದೇ ನೋಟ್‌ಬುಕ್ಕಿನಲ್ಲಿದೆ, ಆ ನೋಟ್‌ಬುಕ್ ಅಡುಗೆಮನೆ ಕಪಾಟಿನಲ್ಲೇ ಇದೆ. ನಿಮ್ಮ ಹೆಂಡತಿ ಹಣದ ಬಗ್ಗೆ ಆಡಿದ ಒಂದು ಮಾತೂ ನಿಮ್ಮ ಎಂಟು ಪುಟದಲ್ಲಿ ನನಗೆ ಸಿಗಲಿಲ್ಲ. ಜಗಳ ಹಣದ್ದು ಅಂತ ಅಂದುಕೊಂಡವರು ನೀವು. ಅವರಲ್ಲ.

ಹಾಗಾದರೆ ಯಾವುದರದು? ಅದನ್ನು ನೀವೇ ಬರೆದಿದ್ದೀರಿ. ಆದರೆ ಎರಡು ತುಂಡು ಮಾಡಿ, ಎರಡು ಕಡೆ ಇಟ್ಟಿದ್ದೀರಿ.

ಮೂರನೇ ಪುಟದಲ್ಲಿ ಹೀಗಿದೆ: 'ಬ್ರೇಕಿನ ಏರ್ ತೆಗೆಯುವಾಗ ಮೊದಲು ಅವಳೇ ಪೆಡಲ್ ಹೊಡೆಯುತ್ತಿದ್ದಳು. ಶ್ರಾವಣದಿಂದ ಶೆಡ್ಡಿಗೆ ಬರುವುದು ಬಿಟ್ಟಳು. ಈಗ ಒಬ್ಬನೇ ಬಾಟ್ಲಿಗೆ ಪೈಪ್ ಕಟ್ಟಿ ಮಾಡಿಕೊಳ್ಳುತ್ತೇನೆ.' ಇಷ್ಟು ಬರೆದು ಮತ್ತೆ ರೇಡಿಯೇಟರ್ ಕಡೆ ಹೋಗಿದ್ದೀರಿ.

ಏಳನೇ ಪುಟದಲ್ಲಿ ಹೀಗಿದೆ: 'ಶ್ರಾವಣದಲ್ಲಿ ಒಂದು ರಾತ್ರಿ ರಿಂಗ್ ರೋಡಿಗೆ ಒಂದು ರೌಂಡ್ ಹೋಗಿಬಂದೆವು. ಗೆಳೆಯ ರೀಲ್ ಮಾಡಿದ. ಮಗನೂ ಖುಷಿಪಟ್ಟ. ಅವತ್ತು ಮಧ್ಯಾಹ್ನ ಅವಳು ಪೆಡಲ್ ಇನ್ನಾ ಮೆತ್ತಗ ಅದ ರೀ ಅಂದಿದ್ದಳು, ಆದರೆ ಎರಡು ಸಲ ಹೊಡೆದರೆ ಹಿಡಿಯುತ್ತಿತ್ತು.'

ಈ ಎರಡು ತುಂಡು ಸೇರಿಸಿ ಓದಿದಾಗ ನನ್ನ ಕೈಕಾಲು ತಣ್ಣಗಾಯಿತು.

ಬ್ರೇಕಿನ ಕೆಲಸ ನೋಡದವರಿಗೆ ಸ್ವಲ್ಪ ಹೇಳಬೇಕು. ಬ್ರೇಕ್ ಪೈಪಿನಲ್ಲಿ ಆಯಿಲ್ ಮಾತ್ರ ಇರಬೇಕು. ಒತ್ತಿದರೆ ಆಯಿಲ್ ಕುಗ್ಗುವುದಿಲ್ಲ, ಕಾಲಿನ ಒತ್ತಡ ಹಾಗೇ ಗಾಲಿಗೆ ಮುಟ್ಟುತ್ತದೆ. ಗಾಳಿ ಸೇರಿಕೊಂಡರೆ ಗಾಳಿ ಕುಗ್ಗುತ್ತದೆ. ಪೆಡಲ್ ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಆ ಗಾಳಿ ಹೊರಗೆ ತೆಗೆಯುವ ಕೆಲಸಕ್ಕೆ ಇಬ್ಬರಿದ್ದರೆ ಚೆಂದ. ಒಬ್ಬರು ಸೀಟಿನಲ್ಲಿ ಕೂತು ಪೆಡಲನ್ನು ಮೂರು ನಾಲ್ಕು ಸಲ ಹೊಡೆದು ಒತ್ತಿ ಹಿಡಿಯಬೇಕು. ಇನ್ನೊಬ್ಬರು ಗಾಲಿ ಹತ್ತಿರ ನೆಲಕ್ಕೆ ಮಲಗಿ ನಿಪ್ಪಲ್, ಅಂದರೆ ಗಾಳಿ ಬಿಡುವ ಸಣ್ಣ ತಿರುಪು, ಸಡಿಲ ಮಾಡಬೇಕು. ಸಣ್ಣ ಪೈಪಿನಿಂದ ಬಾಟ್ಲಿಗೆ ಆಯಿಲ್ ಬೀಳುತ್ತದೆ, ಜೊತೆಗೆ ಗುಳ್ಳೆ ಬರುತ್ತದೆ. ನಿಪ್ಪಲ್ ಮತ್ತೆ ಬಿಗಿ ಆಗುವವರೆಗೆ ಪೆಡಲ್ ಮೇಲಿನ ಕಾಲು ಎತ್ತಬಾರದು. ಎತ್ತಿದರೆ ಹೊರಗಿನ ಗಾಳಿಯನ್ನು ಅದೇ ಒಳಗೆ ಎಳೆದುಕೊಳ್ಳುತ್ತದೆ. 'ಹೊಡಿ, ಹೊಡಿ, ಹಿಡಿ... ಬಿಡು.' ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಯೇ ಮಾಡಬೇಕಾದ ಕೆಲಸ ಇದು. ದೂರದ ಗಾಲಿಯಿಂದ ಶುರು ಮಾಡಿ ನಾಲ್ಕೂ ಗಾಲಿಗೆ ಹೀಗೆ ಮಾಡಬೇಕು.

ಪೆಡಲ್ ಗಟ್ಟಿ ಆಯಿತೋ ಇಲ್ಲವೋ ಅನ್ನುವುದು ಕಾಲಿಟ್ಟವರಿಗೆ ಗೊತ್ತಾಗುತ್ತದೆ. ಗಾಲಿ ಹತ್ತಿರ ಮಲಗಿದವರಿಗೆ ಗೊತ್ತಾಗುವುದಿಲ್ಲ. ಅವತ್ತು ಕಾಲಿಟ್ಟವರು ಅವರು. ಇನ್ನೂ ಮೆತ್ತಗಿದೆ ಎಂದು ಬಾಯಿಬಿಟ್ಟು ಹೇಳಿದರು. ನೀವು ಅದೇ ಗಾಡಿಯಲ್ಲಿ, ಅದೇ ರಾತ್ರಿ, ಅವರ ಮಗನನ್ನು ಕೂಡಿಸಿಕೊಂಡು ಹೋದಿರಿ.

ಎರಡು ಸಲ ಹೊಡೆದರೆ ಹಿಡಿಯುತ್ತಿತ್ತು ಅನ್ನುತ್ತೀರಿ. ಪೈಪಿನಲ್ಲಿ ಗಾಳಿ ಇದೆ ಅನ್ನುವುದಕ್ಕೆ ಅದೇ ಮೊದಲ ಗುರುತು. ಮಕ್ಕಳಿಗೆ ವರ್ಕ್‌ಶಾಪ್ ಕಲಿಸುವ ನಿಮಗೆ ಇದನ್ನು ನಾನು ಹೇಳಬೇಕೇ? 60ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 16 ಮೀಟರ್‌ಗಿಂತ ಜಾಸ್ತಿ ಓಡುತ್ತದೆ. ಕಾಲೆತ್ತಿ ಎರಡನೇ ಸಲ ಹೊಡೆಯುವಷ್ಟರಲ್ಲಿ ಎಷ್ಟು ದೂರ ಹೋಗಿರುತ್ತೀರಿ? ಆ ರಸ್ತೆಯಲ್ಲಿ ರಾತ್ರಿ ಓಡುವುದು ಸಿಮೆಂಟ್ ಲಾರಿ, ಟಿಪ್ಪರ್. ನಿಮ್ಮ ಕಾರಿನಲ್ಲಿ ಕೂತವರ ತಲೆ ಆ ಲಾರಿಗಳ ಬಂಪರ್ ಹತ್ತಿರ ಬರುತ್ತದೆ. ಮಗನಿಗೆ ಬೆಲ್ಟ್ ಇತ್ತೋ ಇಲ್ಲವೋ ಎಂದು ನೀವು ಬರೆದಿಲ್ಲ.

ನನ್ನ ಮನೆಯ ಒಂದು ಮಾತು ಹೇಳುತ್ತೇನೆ. ನಾನು ಹುಟ್ಟಿ ಬೆಳೆದದ್ದು ಶಹಾಬಾದಿನಲ್ಲಿ. ನಮ್ಮಪ್ಪ ಮೋಟರ್ ರಿವೈಂಡಿಂಗ್ ಮಾಡುತ್ತಿದ್ದರು. ಮುಂದಿನ ಕೋಣೆಯ ಫರಸಿ ಮೇಲೆ ಕೂತು ತಾಮ್ರದ ತಂತಿ ಸುತ್ತುವುದು. ಸುತ್ತು ತಪ್ಪಿದರೆ ಮೋಟರ್ ಬಿಸಿಯಾಗಿ ಸುಟ್ಟುಹೋಗುತ್ತದೆ. ಎಣಿಸುತ್ತಿದ್ದವರು ಅವ್ವ. ಮೊರದಲ್ಲಿ ತೊಗರಿ ಹಸನು ಮಾಡುತ್ತ, ಕಣ್ಣೆತ್ತದೆ, ಬಾಯಲ್ಲಿ ಎಣಿಸುತ್ತಿದ್ದರು. ಅವ್ವ 'ತಡಿ, ಒಂದು ಕಡಿಮಿ ಆಯ್ತು' ಅಂದರೆ ಅಪ್ಪ ಬಿಚ್ಚಿ ಮತ್ತೆ ಸುತ್ತುತ್ತಿದ್ದರು. ಗಿರಾಕಿ ಬಾಗಿಲಲ್ಲಿ ನಿಂತು ಅವಸರ ಮಾಡಿದರೂ ಸರಿ. ಒಂದು ಸಲವೂ 'ನಿನಗೇನು ಗೊತ್ತು' ಅಂದದ್ದು ನಾನು ಕೇಳಿಲ್ಲ. ಅವ್ವ ಮೋಟರ್ ಕೆಲಸ ಕಲಿತವರಲ್ಲ. ಆದರೆ ಆ ಕೆಲಸದಲ್ಲಿ ಅವರ ಮಾತಿಗೆ ಬೆಲೆ ಇತ್ತು. ಹಾಗಾಗಿ ಆ ಕೆಲಸ ಅವರದೂ ಆಗಿತ್ತು.

ನಿಮ್ಮ ಹೆಂಡತಿಯೂ ಹಾಗೇ ಇದ್ದವರು. ವಾರವೆಲ್ಲ ಶಾಲೆ, ಭಾನುವಾರ ಸೀರೆ ಸೆರಗು ಸಿಕ್ಕಿಸಿಕೊಂಡು ಆ ಸೀಟಿನಲ್ಲಿ ಕೂತು ಪೆಡಲ್ ಹೊಡೆದಿದ್ದಾರೆ. ಎಷ್ಟು ಮನೆಯಲ್ಲಿ ಇದು ಕಾಣಸಿಗುತ್ತದೆ? ಅವರಿಗೆ ಕಾರು ಬೇಡ ಎಂದು ನೀವು ತಿಳಿದಿದ್ದೀರಿ. ಕಾರು ಬೇಡದವರು ಬ್ರೇಕ್ ಸರಿ ಆಗುವವರೆಗೆ ಅಲ್ಲಿ ಯಾಕೆ ಕೂರುತ್ತಿದ್ದರು?

ಈಗ ಆ ಗೆಳೆಯನ ವಿಷಯ. ಪತ್ರದಲ್ಲಿ ಅವರ ಹೆಸರು ಹನ್ನೊಂದು ಸಲ ಬಂದಿದೆ, ಹೆಂಡತಿಯ ಹೆಸರು ಒಂದೇ ಸಲ. ಅವತ್ತು ಗೇಟಿನಲ್ಲಿ ಫೋನ್ ಹಿಡಿದು ನಿಂತು 'ನಡಿಯೋ, ಲೈಟ್ ಚೆನ್ನಾಗಿದೆ' ಅಂದವರು ಅವರು. ಹೈದರಾಬಾದಿನಲ್ಲಿ ಎಂಟು ಲಕ್ಷಕ್ಕೆ ಗಿರಾಕಿ ಇದ್ದಾರೆ ಅನ್ನುವವರೂ ಅವರೇ. ಓಮ್ನಿಯ ಹಳೆ ನಂಬರ್ ಪ್ಲೇಟ್ ಹಾಕಿಕೊಂಡು ಜನವರಿಯಲ್ಲಿ ಗೋವಾಕ್ಕೆ ಓಡಿಸೋಣ ಅನ್ನುವವರೂ ಅವರೇ. ನಾಲ್ಕು ವರ್ಷದಲ್ಲಿ ಅವರು ಒಂದು ಸಲ ಪಾನಾ ಹಿಡಿದದ್ದನ್ನು ನೀವು ಬರೆದಿಲ್ಲ. ತಾಯಿ ಬ್ರೇಕ್ ಮೆತ್ತಗಿದೆ ಅಂದ ಗಾಡಿಯಲ್ಲಿ 10 ವರ್ಷದ ಹುಡುಗನನ್ನು ಕೂಡಿಸಿ ವಿಡಿಯೊ ತೆಗೆಯುವವರು ಮನೆಗೆ ಬರಬೇಕಾದ ಗೆಳೆಯರಲ್ಲ. ನನಗೆ ಅವರ ಮೇಲೆ ಬಂದಷ್ಟು ಸಿಟ್ಟು ನಿಮ್ಮ ಮೇಲೂ ಬಂದಿಲ್ಲ. ಶೆಡ್ಡಿಗೆ ಅವರನ್ನು ಇನ್ನು ಕರೆಯಬೇಡಿ.

ನಂಬರ್ ಪ್ಲೇಟಿನ ವಿಷಯ ಸ್ಪಷ್ಟವಾಗಿ ತಿಳಿದುಕೊಳ್ಳಿ. ಆರ್‌ಸಿಯಲ್ಲಿರುವ ಕೆಎ 32 ನಂಬರು ಆ ಓಮ್ನಿಯದು, ನೀವು ಕಟ್ಟಿದ ಚಾಸಿಯದಲ್ಲ. ಮೋಟಾರು ವಾಹನ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ನೋಂದಣಿ ಇಲ್ಲದ ಗಾಡಿ ಸಾರ್ವಜನಿಕ ರಸ್ತೆಗೆ ಬರುವಂತಿಲ್ಲ. 52ನೇ ಸೆಕ್ಷನ್ ಪ್ರಕಾರ ಕಂಪನಿ ಮಾಡಿಕೊಟ್ಟ ಗಾಡಿಯ ಮೂಲ ವಿವರ ಬದಲಾಗುವಂತೆ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಇಂಗ್ಲೆಂಡಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಕಾರನ್ನೂ ತಪಾಸಣೆ ಮಾಡಿ ನಂಬರ್ ಕೊಡುತ್ತಾರೆ. ನಮ್ಮಲ್ಲಿ ಹೊಸ ಮಾದರಿ ಬರಬೇಕಾದರೆ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆ ಆಗಬೇಕು. ಅದು ಕಾರು ಕಂಪನಿಗಳಿಗೆ ಇರುವ ದಾರಿ. ಒಬ್ಬ ಮನುಷ್ಯ ಶೆಡ್‌ನಿಂದ ಅಲ್ಲಿಗೆ ಹೋಗಿ ಮುಗಿಸುವಷ್ಟು ಸುಲಭವಲ್ಲ. ಯಾರಿಗಾದರೂ ಬಡಿದರೆ ವಿಮೆ ಇರುವುದು ಬೇರೆ ಗಾಡಿಗೆ. ಆ ಹೊರೆ ನಿಮ್ಮ ಮನೆಯ ಮೇಲೆ ಬೀಳಬಹುದು.

ಹಾಗಂತ ಕಾರು ವ್ಯರ್ಥ ಅಲ್ಲ. ನಿಮ್ಮ ಅಣ್ಣನ ಹೊಲದ ಹತ್ತಿರ ಗಟ್ಟಿ ನೆಲ ಇದೆ ಎಂದು ಬರೆದಿದ್ದೀರಿ. ಅಲ್ಲಿಗೆ ಲಾರಿಯಲ್ಲಿ ಹೇರಿಕೊಂಡು ಹೋಗಿ, ಜನ ಓಡಾಡದ ಕಡೆ ಓಡಿಸಿ. ದೇಶದ ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಫಾರ್ಮುಲಾ ಭಾರತ್ ಸ್ಪರ್ಧೆಗೆ ತಾವೇ ರೇಸ್ ಕಾರು ಕಟ್ಟಿಕೊಂಡು ಬರುತ್ತಾರೆ. ಚಾಸಿ ಕಟ್ಟಲು ಬಲ್ಲ ನಿಮ್ಮಂಥವರು ಇದ್ದರೆ ಹುಡುಗರು ಕೈ ಹಿಡಿದು ಕರೆದುಕೊಂಡು ಹೋಗುತ್ತಾರೆ. ಇದೆಲ್ಲ ಆಮೇಲಿನ ಮಾತು.

ಬಾಟ್ಲಿಗೆ ಪೈಪ್ ಕಟ್ಟಿ ಒಬ್ಬರೇ ಮಾಡುವುದನ್ನು ನಿಲ್ಲಿಸಿ. ನಿಮ್ಮ ಪೆಡಲ್ ಇನ್ನೂ ಮೆತ್ತಗಿದೆ ಎಂದು ನೀವೇ ಕೊನೆಯ ಪುಟದಲ್ಲಿ ಬರೆದಿದ್ದೀರಿ. ಹೋದ ವರ್ಷ ಒಡೆದ ಬ್ರೇಕ್ ಆಯಿಲ್ ಡಬ್ಬಿಯನ್ನೇ ಹಾಕುತ್ತಿದ್ದೀರಂತೆ, ಅದನ್ನೂ ಚೆಲ್ಲಿ. ಆ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಡಾಟ್ 3 ಅನ್ನುವ ದರ್ಜೆಯ ಹೊಸ ಬ್ರೇಕ್ ಆಯಿಲ್ 205 ಡಿಗ್ರಿಯವರೆಗೂ ಕುದಿಯಬಾರದು ಎಂದು ನಿಯಮ. ತೇವ ಹಿಡಿದ ಮೇಲೆ 140ಕ್ಕೇ ಕುದಿಯಬಹುದು. ಕುದಿದರೆ ಮತ್ತೆ ಗುಳ್ಳೆ, ಮತ್ತೆ ಮೆತ್ತಗೆ.

ನಾನು ಹೇಳುವುದು ಒಂದೇ ಕೆಲಸ. ಇವತ್ತು ಸಂಜೆ ಮಾಡಿ. ಗೆಲ್ಲುವುದು, ಒಲಿಸುವುದು, ಹೂವು ತರುವುದು ಯಾವುದೂ ಬೇಡ.

ಹೆಂಡತಿಯನ್ನೂ ಮಗನನ್ನೂ ಶೆಡ್ಡಿನ ಬಾಗಿಲಿಗೆ ಕರೆಯಿರಿ. ಒಳಗೆ ಬರಲೇಬೇಕು ಅನ್ನಬೇಡಿ. 'ಅವತ್ತು ನೀನು ಮೆತ್ತಗದ ಅಂದಿ, ನಾ ಕೇಳಲಿಲ್ಲ, ಇವನನ್ನ ಕೂಡಿಸ್ಕೊಂಡು ಹೋದೆ, ತಪ್ಪಾಯ್ತು' ಎಂದು ಇಷ್ಟೇ ಹೇಳಿ. ಆದರೆ, ಯಾಕಂದರೆ, ಎರಡು ಸಲ ಹೊಡೆದರೆ, ಯಾವುದೂ ಸೇರಿಸಬೇಡಿ. ಮಗನ ಎದುರಿಗೇ ಹೇಳಿ. ಅವತ್ತು ಅವನು ಖುಷಿಪಟ್ಟಿದ್ದಾನೆ. ಅವ್ವನ ಮಾತು ಅವತ್ತು ಸರಿ ಇತ್ತು ಎಂದು ಅವನಿಗೂ ಗೊತ್ತಾಗಬೇಕು.

ಆಮೇಲೆ ಕಾರನ್ನು ಜ್ಯಾಕ್ ಹಾಕಿ ಎತ್ತಿ, ನಾಲ್ಕು ಕಡೆ ಕಬ್ಬಿಣದ ಸ್ಟ್ಯಾಂಡ್ ಕೊಡಿ. ಇಟ್ಟಂಗಿ ಕೊಡಬೇಡಿ, ಇಟ್ಟಂಗಿ ಒಡೆಯುತ್ತದೆ. ನಾಲ್ಕೂ ಗಾಲಿ ಬಿಚ್ಚಿ ಮನೆ ಒಳಗೆ ತಂದು ಮಂಚದ ಕೆಳಗೆ ಇಡಿ. ಗಾಲಿ ಬಿಚ್ಚಿದ್ದರೆ ಏರ್ ತೆಗೆಯಲು ನಿಪ್ಪಲ್ ಕೂಡ ಕೈಗೆ ಸಿಗುತ್ತದೆ. ಅವರಾಗಿ ಬಂದು ಆ ಸೀಟಿನಲ್ಲಿ ಕೂತು, ಪೆಡಲ್ ಒತ್ತಿ, ಗಟ್ಟಿ ಆಯಿತು ಅನ್ನುವವರೆಗೆ ಆ ಗಾಲಿ ಶೆಡ್ಡಿಗೆ ವಾಪಸ್ ಹೋಗಬಾರದು. ಅದು ಮುಂದಿನ ಭಾನುವಾರ ಇರಬಹುದು, ಮುಂದಿನ ಶ್ರಾವಣ ಇರಬಹುದು. ಬಾ ಎಂದು ಕರೆಯಬೇಡಿ. ಚಾಸಿಯಲ್ಲಿ ಮಾಡಲು ಕೆಲಸ ಬೇಕಾದಷ್ಟಿದೆ.

ಓಮ್ನಿ ಗಾಲಿಗೆ ನಾಲ್ಕು ನಟ್ಟು. ಹದಿನಾರನ್ನೂ ಅವರ ಎದುರಿಗೆ ಎಣಿಸಿ ಒಂದು ಡಬ್ಬಿಗೆ ಹಾಕಿ, ಡಬ್ಬಿ ಅವರ ಕೈಗೆ ಕೊಡಿ.