ಅಯಸ್ಕಾಂತ ಎಳೆಯುವುದು ಡಿಎನ್‌ಎಯನ್ನಲ್ಲ

ಪ್ರಶ್ನೆ: ನನ್ನ ಮಗಳು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ರಕ್ತದಿಂದ ಡಿಎನ್‌ಎಯನ್ನು ಅಯಸ್ಕಾಂತ ಇಟ್ಟು ತೆಗೆಯುತ್ತೇವೆ ಅನ್ನುತ್ತಾಳೆ. ರಕ್ತದಲ್ಲಿ ಕಬ್ಬಿಣ ಇರುತ್ತದಲ್ವಾ, ಅದನ್ನೇ ಎಳೆಯುತ್ತದಾ?
— ಒಬ್ಬ ತಾಯಿ, ಚಿಂತಾಮಣಿ

ಇಲ್ಲಮ್ಮಾ. ರಕ್ತದ ಕಬ್ಬಿಣ ಹಿಮೋಗ್ಲೋಬಿನ್ ಒಳಗಿರುತ್ತದೆ, ಅಯಸ್ಕಾಂತ ಹಿಡಿದರೆ ಎದ್ದು ಬರುವಂಥದ್ದಲ್ಲ. ನಮಗಂತೂ ಅದು ಬರೀ ಕಾಟ. ಡಿಎನ್‌ಎ ಜೊತೆ ಉಳಿದುಕೊಂಡರೆ ಮುಂದೆ ಪಿಸಿಆರ್ (ಡಿಎನ್‌ಎಯ ಪ್ರತಿಗಳನ್ನು ಲಕ್ಷಗಟ್ಟಲೆ ಮಾಡಿಕೊಳ್ಳುವ ಹಂತ) ಕೆಡಿಸುತ್ತದೆ. ಅಯಸ್ಕಾಂತ ಎಳೆಯುವುದು ನಾವು ಹೊರಗಿನಿಂದ ಹಾಕುವ ಬೀಡ್ಸ್‌ಗಳನ್ನು, ಅಂದರೆ ಪುಟಾಣಿ ಮಣಿಗಳನ್ನು. ಒಳಗೆ ಕಬ್ಬಿಣದ ಆಕ್ಸೈಡ್, ಮೇಲೆ ಸಿಲಿಕಾ (ಮರಳಿನಲ್ಲಿರುವ ಪದಾರ್ಥ) ಲೇಪ. ಸಾಮಾನ್ಯವಾಗಿ ಒಂದೊಂದೂ 1 ಮೈಕ್ರೋಮೀಟರ್ ಆಸುಪಾಸು. ಬಾಟಲಿ ಸುಮ್ನೆ ಇಟ್ಟರೆ ತಳಕ್ಕೆ ಕೂರುತ್ತವೆ. ಅಲ್ಲಾಡಿಸಿದರೆ ಗಟ್ಟಿ ಕಾಫಿ ಡಿಕಾಕ್ಷನ್ ತರ ಕಾಣುತ್ತದೆ.

ಎಲ್ಲರೂ ಅಯಸ್ಕಾಂತ ನೋಡಿ ಬೆರಗಾಗುತ್ತಾರೆ. ಕೋಲಾರದ ಲ್ಯಾಬಿನಲ್ಲಿ ಇದನ್ನೇ ಮಾಡಿಕೊಂಡು ಬಂದ ನನ್ನನ್ನು ಕೇಳಿದರೆ, ನಿಜವಾದ ಕೆಲಸ ಉಪ್ಪಿನದು. ಅಡುಗೆ ಉಪ್ಪಲ್ಲ, ಗ್ವಾನಿಡಿನ್ ಅನ್ನುವ ಲವಣ. ಅದು ಜೀವಕೋಶವನ್ನು ಒಡೆಯುತ್ತದೆ, ಪ್ರೋಟೀನ್‌ಗಳನ್ನು ಹಾಳು ಮಾಡುತ್ತದೆ. ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಡಿಎನ್‌ಎ ಮೇಲೂ ಸಿಲಿಕಾ ಮೇಲೂ ಮೈನಸ್ ಚಾರ್ಜೇ ಇರುವುದರಿಂದ ಬರೀ ನೀರಿನಲ್ಲಿ ಒಂದಕ್ಕೊಂದು ಸೇರುವುದಿಲ್ಲ. ಈ ಲವಣ ಜಾಸ್ತಿ ಇದ್ದಾಗ ಎರಡರ ಸುತ್ತಲಿನ ನೀರಿನ ಪದರ ಕಳಚಿ, ಡಿಎನ್‌ಎ ಸಿಲಿಕಾಗೆ ಹತ್ತಿಕೊಳ್ಳುತ್ತದೆ. 1990ರಲ್ಲಿ ನೆದರ್‌ಲೆಂಡ್ಸ್‌ನ ರೆನೆ ಬೂಮ್ ಮತ್ತು ಜೊತೆಗಾರರು ಪ್ರಕಟಿಸಿದ ವಿಧಾನ ಇದು.

ಆಮೇಲೆ ಟ್ಯೂಬನ್ನು ಅಯಸ್ಕಾಂತದ ಸ್ಟ್ಯಾಂಡಿಗೆ ಸಿಕ್ಕಿಸುತ್ತೇವೆ. ಕಂದು ಬಣ್ಣವೆಲ್ಲ ಒಂದು ಗೋಡೆಗೆ ಸರಿದು ಗೆರೆ ಕಟ್ಟಿಕೊಳ್ಳುತ್ತದೆ, ನೀರು ತಿಳಿಯಾಗುತ್ತದೆ. ಪಿಪೆಟ್ (ದ್ರವ ಎಳೆಯುವ ಕೊಳವೆ) ತುದಿಯನ್ನು ಎದುರು ಗೋಡೆಗೆ ಒರಗಿಸಿ ಆ ನೀರನ್ನು ನಿಧಾನವಾಗಿ ಎಳೆದು ತೆಗೆಯಬೇಕು. ಟ್ಯೂಬನ್ನು ಗಿರಗಿರ ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಬೇಕಿಲ್ಲ. ಸ್ಟ್ಯಾಂಡಿನಿಂದ ತೆಗೆದರೆ ಬೀಡ್ಸ್‌ಗಳ ಅಯಸ್ಕಾಂತ ಗುಣವೂ ಹೋಗಿ ಮತ್ತೆ ಬಿಡಿಬಿಡಿಯಾಗುತ್ತವೆ. ಹಾಗಾಗಿಯೇ ಆಲ್ಕೋಹಾಲಿನಲ್ಲಿ ಚೆನ್ನಾಗಿ ತೊಳೆಯಲು ಆಗುವುದು. ಕೊರೋನಾ ಕಾಲದಲ್ಲಿ ಎಷ್ಟೋ ಲ್ಯಾಬ್‌ಗಳ ಯಂತ್ರಗಳು ವೈರಸ್‌ನ ಆರ್‌ಎನ್‌ಎ ತೆಗೆದದ್ದೂ ಇದೇ ದಾರಿಯಲ್ಲಿ.

ಮಗಳಿಗೆ ಒಂದು ಮಾತು ಹೇಳಿ. ತೊಳೆದ ಮೇಲೆ ಒಣಗಿಸುವಾಗ ಗಡಿಯಾರಕ್ಕಿಂತ ಬೀಡ್ಸನ್ನೇ ನೋಡಬೇಕು. ಹೊಳಪು ಹೋಗಿ ಮಂಕಾದರೆ ಸಾಕು. ಬಿರುಕು ಬಿಟ್ಟರೆ ಜಾಸ್ತಿ ಒಣಗಿತು ಅಂತ ಅರ್ಥ, ಡಿಎನ್‌ಎ ಪೂರ್ತಿ ಬಿಡುವುದಿಲ್ಲ. ಆಲ್ಕೋಹಾಲ್ ಉಳಿದರೆ ಪಿಸಿಆರ್ ಓಡುವುದಿಲ್ಲ. ಕೊನೆಗೆ ಶುದ್ಧ ನೀರೋ ಕಡಿಮೆ ಉಪ್ಪಿನ ಬಫರ್ ದ್ರಾವಣವೋ ಹಾಕಿದರೆ ಡಿಎನ್‌ಎ ಬೀಡ್ಸ್ ಬಿಟ್ಟು ಇಳಿಯುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ತಿಳಿ ನೀರಷ್ಟೇ. ಹೊಸಬರು ಅದನ್ನೇ ಖಾಲಿ ಅಂದುಕೊಂಡು ಚೆಲ್ಲಿಬಿಡುವುದೂ ಉಂಟು!

ಪ್ರಶ್ನೆ: ನಾಟಿ ಕೋಳಿಗಳ ಡಿಎನ್‌ಎ ಪರೀಕ್ಷೆಗೆ ರಕ್ತ ಕೇಳಿದ್ದಾರೆ. ಒಂದೆರಡು ಹನಿ ಸಾಕಂತೆ. ಜಾಸ್ತಿ ಕಳಿಸಿದರೆ ಒಳ್ಳೆಯದಲ್ವಾ?
— ಕೋಳಿ ಸಾಕಣೆದಾರ, ಗೌರಿಬಿದನೂರು

ಬೇಡ ಸ್ವಾಮಿ, ಕೇಳಿದಷ್ಟೇ ಕೊಡಿ. ನಮ್ಮ ಕೆಂಪು ರಕ್ತಕಣಗಳಲ್ಲಿ ನ್ಯೂಕ್ಲಿಯಸ್ ಇಲ್ಲ, ಡಿಎನ್‌ಎ ಸಿಗುವುದು ಬಿಳಿ ಕಣಗಳಿಂದ. ಕೋಳಿಯ ಕೆಂಪು ಕಣಗಳಲ್ಲೂ ನ್ಯೂಕ್ಲಿಯಸ್ ಇದೆ. ಒಂದು ಹನಿಯಲ್ಲೇ ಬೇಕಾದಷ್ಟು ಡಿಎನ್‌ಎ ಇರುತ್ತದೆ. ಜಾಸ್ತಿ ರಕ್ತ ಹಾಕಿದರೆ ಟ್ಯೂಬಿನಲ್ಲಿ ಲೋಳೆಯಾಗಿ, ಬೀಡ್ಸ್ ಗಂಟುಗಟ್ಟುತ್ತವೆ. ಪಿಪೆಟ್‌ಗೆ ದಾರದ ಹಾಗೆ ಎಳೆ ಬರುತ್ತದೆ, ತೊಳೆಯಲು ಆಗುವುದಿಲ್ಲ. ಅವರು ಬೇರೆ ಏನೂ ಹೇಳದಿದ್ದರೆ ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿರುವ ನೇರಳೆ ಮುಚ್ಚಳದ ಟ್ಯೂಬ್ ಬಳಸಿ. ಹಸಿರು ಮುಚ್ಚಳದ್ದರಲ್ಲಿ ಅದೇ ಕೆಲಸಕ್ಕೆ ಹೆಪಾರಿನ್ ಇರುತ್ತದೆ, ಅದು ಪಿಸಿಆರ್‌ಗೆ ಆಗಿಬರುವುದಿಲ್ಲ.

ಪ್ರಶ್ನೆ: ಹಳೇ ಸ್ಪೀಕರಿನ ಅಯಸ್ಕಾಂತ ಇದೆ. ಕಾಲೇಜಿನಲ್ಲಿ ಇದನ್ನು ಮಾಡಿ ನೋಡಬಹುದಾ?
— ಬಿಎಸ್ಸಿ ವಿದ್ಯಾರ್ಥಿ, ಕೋಲಾರ

ಅಯಸ್ಕಾಂತ ನಡೆಯುತ್ತದೆ. ಲ್ಯಾಬಿನ ಸ್ಟ್ಯಾಂಡಿನಲ್ಲಿರುವುದು ನಿಯೋಡಿಮಿಯಮ್, ನಿನ್ನದು ಬಹುಶಃ ಫೆರೈಟ್. ಸ್ವಲ್ಪ ತಡವಾಗಿ ಎಳೆಯುತ್ತದೆ ಅಷ್ಟೇ. ಆದರೆ ಮೇಷ್ಟ್ರು ಜೊತೆಗಿಲ್ಲದೆ ಗ್ವಾನಿಡಿನ್ ಮುಟ್ಟಬೇಡಪ್ಪ. ಚೆಲ್ಲಿದರೆ ಬ್ಲೀಚ್ ಹಾಕಿ ಒರೆಸಲೇಬಾರದು, ಎರಡೂ ಸೇರಿದರೆ ವಿಷಗಾಳಿ ಏಳುತ್ತದೆ. ಮೊದಲು ನೀರು, ಸೋಪಿನಲ್ಲಿ ಒರೆಸು.