ಬರಹಗಾರರಿಗೆ ಸಲಹೆ: ನೂರ ಮೂವತ್ತೈದು ರೂಪಾಯಿ ಎಲ್ಲಿ?

ಪ್ರಿಯ ಕಥೆಗಾರರೇ,

ನಮಸ್ಕಾರ. ನಿಮ್ಮ 'ಕೊನೆಯ ದಿನ' ಕಥೆ ನಮ್ಮ ಕೈಸೇರಿ ಆರು ವಾರಗಳಾದವು. ಪ್ರಕಟಿಸಲಾಗದ ಹಸ್ತಪ್ರತಿಗಳ ಜೊತೆಗೆ ನಾವು ಎರಡು ಸಾಲಿನ ಅಚ್ಚಾದ ಚೀಟಿಯೊಂದನ್ನು ಕಳಿಸುತ್ತೇವೆ. ನಿಮ್ಮ ಕಥೆಗೂ ಆ ಚೀಟಿಯನ್ನೇ ಗುಂಡುಸೂಜಿಯಿಂದ ಚುಚ್ಚಿ ಪಕ್ಕಕ್ಕಿಟ್ಟು ಮನೆಗೆ ಹೋದೆ. ರಾತ್ರಿ ಊಟಕ್ಕೆ ಕುಳಿತಾಗಲೂ ನಿಮ್ಮ ಮಹದೇವ ಬ್ಯಾಂಕಿನ ಸಾಲಿನಲ್ಲಿ ನಿಂತೇ ಇದ್ದ. ಅವನನ್ನು ಅಲ್ಲಿ ನಿಲ್ಲಿಸಿದ ನೀವು, ಅವನಿಗೆ ಒದಗಿದ್ದ ನಿಜವಾದ ಕಷ್ಟವನ್ನು ಬಿಟ್ಟು ಸುಳ್ಳು ಕಷ್ಟವೊಂದನ್ನು ಅವನ ಜೇಬಿಗೆ ಹಾಕಿದಿರಲ್ಲ ಎಂದು ಸಿಟ್ಟು ಬಂತು. ಮರುದಿನ ಬಂದವನೇ ಚೀಟಿಯನ್ನು ಕಿತ್ತು ಈ ಪತ್ರ ಬರೆಯಲು ಕುಳಿತೆ. ನಿಮ್ಮ ಹೆಸರನ್ನು ಬಿಟ್ಟು ಇದನ್ನು ಪತ್ರಿಕೆಯಲ್ಲಿಯೂ ಅಚ್ಚು ಹಾಕುವುದರಿಂದ, ಉಳಿದ ಓದುಗರಿಗಾಗಿ ಕಥೆಯ ಸಾರವನ್ನು ಮೊದಲು ಹೇಳಿಬಿಡುತ್ತೇನೆ.

ಕಾಲ 2013. ಹನೂರು ಕಡೆಯ ಮಹದೇವ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದಾನೆ. ದಂಡವಿಲ್ಲದೆ ಪರೀಕ್ಷಾ ಶುಲ್ಕ ಕಟ್ಟಲು ಅದೊಂದು ಶುಕ್ರವಾರವೇ ಕೊನೆಯ ದಿನ. ಹಾಸ್ಟೆಲಿನ ಒಂದೇ ಕೋಣೆಯ ಐವರ ಪೈಕಿ ನಾಲ್ವರಿಗೆ ಅಂದು ಆಂತರಿಕ ಪರೀಕ್ಷೆ ಇರುವುದರಿಂದ, ತಮ್ಮ ಹಣವನ್ನೂ ಮಹದೇವನ ಕೈಗೇ ಕೊಟ್ಟು ಐದು ಡಿ.ಡಿ. (ಡಿಮ್ಯಾಂಡ್ ಡ್ರಾಫ್ಟ್, ಅಂದರೆ ಬ್ಯಾಂಕಿಗೆ ಹಣ ಕಟ್ಟಿ ಪಡೆಯುವ ಪಾವತಿ ಪತ್ರ) ತೆಗೆಸಿಕೊಂಡು ಬಾ ಎನ್ನುತ್ತಾರೆ. ಅವನು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದು ಸರಸ್ವತಿಪುರಂನ ಬ್ಯಾಂಕೊಂದಕ್ಕೆ ಹೋಗುತ್ತಾನೆ, ಸಾಲಿನಲ್ಲಿ ನಿಲ್ಲುತ್ತಾನೆ, ಕೌಂಟರಿನ ಮುಂದೆ ಬರುವಷ್ಟರಲ್ಲಿ ಜೇಬುಗಳ್ಳನೊಬ್ಬ ಹಣವನ್ನೆಲ್ಲ ಹಾರಿಸಿಬಿಡುತ್ತಾನೆ. ಮಹದೇವ ಮಳೆಯಲ್ಲಿ ನೆನೆಯುತ್ತ ಅಳುವುದರೊಂದಿಗೆ ಕಥೆ ಮುಗಿಯುತ್ತದೆ.

ಮೆಚ್ಚಿದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಕೆರೆಯ ನಡುಗಡ್ಡೆಯ ಮರಗಳಲ್ಲಿ ಕುಳಿತ ಹೆಜ್ಜಾರ್ಲೆಗಳನ್ನು ನೀವು ನೋಡಿಯೇ ಬರೆದಿದ್ದೀರಿ. ಹಾಸ್ಟೆಲಿನ ಹುರುಳಿ ಸಾರಿನ ವಾಸನೆ ಬಟ್ಟೆಗೆ ಅಂಟಿಕೊಳ್ಳುವ ಸಾಲು ಚೆನ್ನಾಗಿದೆ. ಕಾಗುಣಿತ ಶುದ್ಧವಾಗಿದೆ, ಈಚೆಗೆ ಇದೂ ಅಪರೂಪವಾದ್ದರಿಂದ ಹೇಳಿದೆ.

ಇನ್ನು ನನ್ನನ್ನು ಕಾಡಿದ ವಿಷಯ. ಎರಡನೆಯ ಪುಟದಲ್ಲಿ ಸೂಚನಾ ಫಲಕದ ಮೇಲೆ ಶುಲ್ಕ 'ತಲಾ 1,240 ರೂಪಾಯಿ' ಎಂದಿದೆ. ಮೂರನೆಯ ಪುಟದಲ್ಲಿ ಗೆಳೆಯರು ಕೊಟ್ಟದ್ದೂ ಅವನದೂ ಸೇರಿ 'ಸುಮಾರು ಆರು ಸಾವಿರ' ಆಗುತ್ತದೆ. ಏಳನೆಯ ಪುಟದಲ್ಲಿ ಮಹದೇವ 'ಏಳು ಸಾವಿರ ಹೋಯಿತಲ್ಲ' ಎಂದು ಗೋಳಾಡುತ್ತಾನೆ. ಆರು ಸಾವಿರವನ್ನಾಗಲಿ ಏಳು ಸಾವಿರವನ್ನಾಗಲಿ ನಾನು ಕೇಳುತ್ತಿಲ್ಲ. 1,240ನ್ನು ಐದರಿಂದ ಗುಣಿಸಿದರೆ 6,200, ಅಷ್ಟೆ. ಉಳ್ಳವನು 'ಸುಮಾರು ಆರು ಸಾವಿರ' ಎನ್ನಬಹುದು. ಇಲ್ಲದವನ ಬಾಯಲ್ಲಿ 'ಸುಮಾರು' ಎಂಬ ಮಾತು ಬರುವುದಿಲ್ಲ. ಅವನಿಗೆ ತನ್ನ ಜೇಬಿನಲ್ಲಿ ಎಷ್ಟಿದೆಯೆಂಬುದು ಮಾತ್ರವಲ್ಲ, ಯಾವ ನೋಟು ಎಷ್ಟಿವೆ, ಯಾವುದರ ಅಂಚು ಹರಿದಿದೆ, ಯಾವುದನ್ನು ಅಂಗಡಿಯವನು ಬೇಡವೆನ್ನಬಹುದು ಎಂಬುದೂ ಗೊತ್ತಿರುತ್ತದೆ.

ಸಾಲು ಸಾಲಾಗಿ ನೋಡೋಣ.

'ಮಹದೇವನ ಜೇಬಿನಲ್ಲಿ ಗೆಳೆಯರ ಬೆವರಿನ ಹಣವಿತ್ತು.' ಯಾವ ಗೆಳೆಯನ, ಯಾವ ಬೆವರು? ನಾಲ್ವರಲ್ಲಿ ಒಬ್ಬ ಕೊಳ್ಳೇಗಾಲದವನು, ಅವನ ಮನೆಯಲ್ಲಿ ರೇಷ್ಮೆ ಬೆಳೆಯುತ್ತಾರೆ ಎಂದು ನೀವೇ ಬರೆದಿದ್ದೀರಿ. ಹಾಗಾದರೆ ಅವನ ಹಣ ಗೂಡು ಮಾರಿದ ಹಣವಿರಬಹುದು, ಮಾರಿದ ದಿನದ ದರ ಅವನಿಗೆ ನೆನಪಿರಬಹುದು. ಇನ್ನೊಬ್ಬ ರಾತ್ರಿ ಹೊತ್ತು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಅವನು ಕೊಡುವ ನೋಟುಗಳು ಹತ್ತು ಇಪ್ಪತ್ತರವೇ ಆಗಿರುತ್ತವೆ. ಮತ್ತೊಬ್ಬನ ತಾಯಿ ಸ್ತ್ರೀಶಕ್ತಿ ಸಂಘದಿಂದ ಸಾಲ ಎತ್ತಿರಬಹುದು. ಇಷ್ಟೆಲ್ಲವನ್ನೂ 'ಬೆವರು' ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿರಿ.

'ಅಷ್ಟೊಂದು ಹಣವನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ.' ಇದು ಸುಳ್ಳು. ಹಿಂದಿನ ಪುಟದಲ್ಲಿ ಅವನು ಹಾಸ್ಟೆಲಿನ ಮೆಸ್ ಕಾರ್ಯದರ್ಶಿಯಾಗಿದ್ದವನು, ತರಕಾರಿ ಮಂಡಿಗೆ ಹೋಗಿ ಬಂದವನು. ಕರುಣೆ ಹುಟ್ಟಿಸುವ ಆತುರದಲ್ಲಿ ನಿಮ್ಮ ಪಾತ್ರದ ಅನುಭವವನ್ನೇ ನೀವು ಕಿತ್ತುಕೊಂಡಿದ್ದೀರಿ.

'ನೋಟಿನ ಕಟ್ಟನ್ನು ಎದೆಗವಚಿಕೊಂಡು ಅರ್ಜಿಯನ್ನು ತುಂಬಿದನು.' ನಗದು ಕೊಟ್ಟು ಡಿ.ಡಿ. ತೆಗೆಸಿದವರಿಗೆ ಆ ಅರ್ಜಿ ಗೊತ್ತು: ಯಾರ ಹೆಸರಿಗೆ, ಯಾವ ಊರಿನಲ್ಲಿ ಪಾವತಿ, ಮೊತ್ತ ಅಂಕಿಯಲ್ಲಿ ಮತ್ತು ಅಕ್ಷರದಲ್ಲಿ. ಜೊತೆಗೆ ಒಂದು ಕಡೆ ಯಾವ ಮುಖಬೆಲೆಯ ನೋಟು ಎಷ್ಟು ಎಂದು ತುಂಬಬೇಕಾದ ಪುಟ್ಟ ಕೋಷ್ಟಕ. ಐನೂರರ ಆರು, ನೂರರ ಇಪ್ಪತ್ತನಾಲ್ಕು, ಐವತ್ತರ ಹನ್ನೊಂದು, ಇಪ್ಪತ್ತರ ಎಂಟು, ಹತ್ತರ ಒಂಬತ್ತು. ಕೂಡಿ ನೋಡಿ, 6,200 ಆಗುತ್ತದೆ. ಐದು ಜನ ಹುಡುಗರು ಹಾಸ್ಟೆಲಿನಲ್ಲಿ ಒಟ್ಟುಗೂಡಿಸಿದ ಹಣ ಕಟ್ಟಿನಂತೆ ಅಲ್ಲ, ಹೀಗೆ ಇರುತ್ತದೆ. ಇಂದಿನ ಓದುಗರಲ್ಲಿ ಅನೇಕರು ಡಿ.ಡಿ.ಯನ್ನು ಕಣ್ಣಿನಿಂದ ಕಂಡವರಲ್ಲ. 2016ರಲ್ಲಿ ಯುಪಿಐ ಬಂದ ಮೇಲೆ ಶುಲ್ಕವೆಂದರೆ ಫೋನಿನಲ್ಲಿ ಬೆರಳೊತ್ತುವುದು ಎಂದು ತಿಳಿದವರು ಅವರು. ಆ ಕೋಷ್ಟಕ ಅವರಿಗೆ ವಿವರಣೆಯೂ ಆಗುತ್ತಿತ್ತು, ನಿಮಗೆ ಕಥೆಯೂ ಆಗುತ್ತಿತ್ತು.

ಈಗ ಐದನೆಯ ಪುಟ. ನಾನು ಪೆನ್ಸಿಲಿನಿಂದ ಎರಡು ಗೆರೆ ಎಳೆದಿರುವ ಜಾಗ.

'ಗುಮಾಸ್ತನು ಕನ್ನಡಕದ ಮೇಲಿನಿಂದ ಕ್ರೂರವಾಗಿ ನೋಡಿ, "ಒಂದೊಂದಕ್ಕೆ ನಲವತ್ತು ರೂಪಾಯಿ ಕಮಿಷನ್ ಆಗುತ್ತೆ" ಎಂದನು. ಮಹದೇವ ತಲೆಯಾಡಿಸಿದನು.'

ಅವನು ಹೇಗೆ ತಲೆಯಾಡಿಸಿದ? ಗೆಳೆಯರಲ್ಲಿ ಒಬ್ಬರಾದರೂ ಕಮಿಷನ್ನಿಗೆಂದು ಹಣ ಕೊಟ್ಟಿದ್ದರೇ? ಇಡೀ ಕಥೆಯಲ್ಲಿ ಎಲ್ಲಿಯೂ ಇಲ್ಲ. ಐದು ಡಿ.ಡಿ.ಗೆ ಕಮಿಷನ್ 200 ರೂಪಾಯಿ. ನಾಲ್ಕನೆಯ ಪುಟದಲ್ಲಿ 'ಅವನ ಸ್ವಂತದ್ದೆಂದು ಅರವತ್ತೈದು ರೂಪಾಯಿ ಇತ್ತು' ಎಂದು ಬರೆದಿದ್ದೀರಿ. ಕಥೆಯಲ್ಲಿರುವ ಒಂದೇ ಒಂದು ನಿಜವಾದ ಸಂಖ್ಯೆ ಅದು. ಅದನ್ನು ಓದಿದಾಗ ನಾನು ನಿಮ್ಮನ್ನು ನಂಬಿದ್ದೆ. ಲೆಕ್ಕ ಹಾಕೋಣ. ಅವನ ಬಳಿ ಇರುವುದು 6,265. ಒಂದು ಡಿ.ಡಿ.ಗೆ ಕಮಿಷನ್ ಸೇರಿ 1,280. ನಾಲ್ಕು ತೆಗೆಸಿದರೆ 5,120 ಹೋಗಿ 1,145 ಉಳಿಯುತ್ತದೆ. ಐದನೆಯದಕ್ಕೆ 135 ರೂಪಾಯಿ ಕಡಿಮೆ.

ನಿಮ್ಮ ಕಥೆ ಇಲ್ಲಿದೆ. ಅವನ ಸರದಿ ಬಂದಾಗ ಗಡಿಯಾರ ಒಂದೂ ಮುಕ್ಕಾಲು ತೋರಿಸುತ್ತಿತ್ತು, ನಗದು ಕೌಂಟರು ಎರಡಕ್ಕೆ ಮುಚ್ಚುತ್ತದೆ ಎಂದು ನೀವೇ ಹೇಳಿದ್ದೀರಿ. ಗಂಗೋತ್ರಿಗೆ ನಡೆದು ಹೋಗಿ ಬರಲು ಸಮಯವಿಲ್ಲ. ಮೊಬೈಲಿನಲ್ಲಿ ಕರೆನ್ಸಿ ಇಲ್ಲ. ಮಿಸ್ಡ್ ಕಾಲ್ ಕೊಟ್ಟರೂ ಗೆಳೆಯರು ಪರೀಕ್ಷೆಯ ಕೋಣೆಯಲ್ಲಿದ್ದಾರೆ. ಸಾಲಿನಲ್ಲಿ ಹಿಂದೆ ನಿಂತವರು ಗೊಣಗುತ್ತಿದ್ದಾರೆ. ಐದು ಅರ್ಜಿಗಳಲ್ಲಿ ಒಂದನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಬೇಕು. ಯಾರದನ್ನು? ಗೂಡು ಮಾರಿ ಹಣ ತಂದವನದೋ, ಮೊನ್ನೆ ತಾನೆ ತನ್ನೊಡನೆ ಜಗಳವಾಡಿದವನದೋ, ದಂಡ ಕಟ್ಟುವ ಶಕ್ತಿ ಇರುವವನದೋ? ಹೀಗೆ ಯೋಚಿಸುವಾಗ ಮಹದೇವ ಎಂಥವನು ಎಂಬುದು ಅವನಿಗೂ ನಮಗೂ ಮೊದಲ ಸಲ ಗೊತ್ತಾಗುತ್ತಿತ್ತು. ಇದನ್ನು ಓದಿ ನೀವು ತಟ್ಟನೆ 'ಅವನು ತನ್ನದನ್ನೇ ಬಿಟ್ಟುಕೊಟ್ಟ' ಎಂದು ತಿದ್ದಿ ಕಳಿಸುತ್ತೀರೆಂಬ ಭಯವಿದೆ. ದಯವಿಟ್ಟು ಹಾಗೆ ಮಾಡಬೇಡಿ. ಆ ತ್ಯಾಗವೂ ಕಳ್ಳನಷ್ಟೇ ಸುಲಭವಾಗಿ ಅವನನ್ನು ಪಾರುಮಾಡುತ್ತದೆ.

ಆದರೆ ನಿಮ್ಮ ಮುಂದಿನ ಸಾಲು ಹೀಗಿದೆ: 'ಅಷ್ಟರಲ್ಲಿ ಹಿಂದಿನಿಂದ ಯಾರೋ ತಳ್ಳಿದಂತಾಯಿತು. ಜೇಬು ಮುಟ್ಟಿ ನೋಡಿಕೊಂಡನು. ಹಣವಿರಲಿಲ್ಲ.' ಈ 'ಯಾರೋ' ಎಲ್ಲಿಂದ ಬಂದ? ಕೌಂಟರಿನ ಮುಂದೆ ನಿಂತು ಕಮಿಷನ್ನಿನ ಮಾತು ಕೇಳಿದವನ ಹಣ ಅಷ್ಟು ಹೊತ್ತಿಗೆ ಕೈಯಲ್ಲಿರುತ್ತದೆ, ಜೇಬಿನಲ್ಲಲ್ಲ. ಹಾಗಿದ್ದೂ ನಿಮಗೆ ಕಳ್ಳ ಬೇಕಾಯಿತು. ಏಕೆಂದರೆ ಕಳ್ಳ ಬಂದರೆ ಮಹದೇವನ ಮಾನ ಉಳಿಯುತ್ತದೆ: ತಪ್ಪು ಅವನದಲ್ಲ, ಗೆಳೆಯರದಲ್ಲ, ಯಾರದೂ ಅಲ್ಲ. ಲೆಕ್ಕ ಕಡಿಮೆಬಿದ್ದರೆ ಮಾತ್ರ ಅವನು ಗೆಳೆಯರ ಮುಖ ನೋಡಿ ಮಾತನಾಡಬೇಕಾಗುತ್ತದೆ.

ಇಷ್ಟು ಖಾರವಾಗಿ ಬರೆಯಲು ನನಗೆ ಕಾರಣವಿದೆ. 1982ರಲ್ಲಿ, ಬಿ.ಎ. ಕೊನೆಯ ವರ್ಷದಲ್ಲಿ, ನಾನು ಮೈಸೂರಿನಲ್ಲಿ ಒಂದು ಸಣ್ಣ ಮಾಸಪತ್ರಿಕೆಯ ಮುದ್ರಣಾಲಯಕ್ಕೆ ಕರಡು ತಿದ್ದಲು ಸೇರಿದ್ದೆ. ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ. ಹದಿನಾರು ಪುಟಗಳ ಒಂದು ಫಾರಂ ತಿದ್ದಿದರೆ ನಾಲ್ಕು ರೂಪಾಯಿ ಸಿಗುತ್ತಿತ್ತು. ಕರಡು ಇಲ್ಲದ ದಿನ ಓಡಾಟದ ಕೆಲಸ. ಚಿತ್ರ ಅಚ್ಚಾಗಬೇಕಾದರೆ ಸತುವಿನ ತಗಡಿನಲ್ಲಿ ಕೊರೆದು ಮರದ ತುಂಡಿಗೆ ಹೊಡೆದ ಬ್ಲಾಕು ಬೇಕಿತ್ತು. ಅದಕ್ಕೆ ಚದರ ಇಂಚಿನ ಲೆಕ್ಕದಲ್ಲಿ ದರ. ಒಂದು ದಿನ ಸಂಪಾದಕರು, ಅವರನ್ನು ನಾವೆಲ್ಲ ಯಜಮಾನರು ಎನ್ನುತ್ತಿದ್ದೆವು, ಅರವತ್ತು ರೂಪಾಯಿ ಕೊಟ್ಟು ಮೂರು ಬ್ಲಾಕುಗಳನ್ನು ಬಿಡಿಸಿಕೊಂಡು ಬರಲು ಕಳಿಸಿದರು. ಬಿಲ್ಲು ಐವತ್ತೈದರ ಒಳಗೇ ಆಗುತ್ತದೆ, ಚಿಲ್ಲರೆ ಉಳಿಯುತ್ತದೆ ಎಂದು ನಾನೇ ತೀರ್ಮಾನಿಸಿ, ದಾರಿಯಲ್ಲಿ ಒಂದು ಮಸಾಲೆ ದೋಸೆ ತಿಂದು ಕಾಫಿ ಕುಡಿದೆ. ಎರಡು ರೂಪಾಯಿ ಹತ್ತು ಪೈಸೆ. ಬಿಲ್ಲು ಸರಿಯಾಗಿ ಅರವತ್ತಕ್ಕೆ ಬಂದು ನಿಂತಿತು.

ಬ್ಲಾಕಿನವರು ಸಾಲ ಕೊಡುವವರಲ್ಲ. ಮುಖಪುಟದ್ದನ್ನು ಬಿಡುವಂತಿರಲಿಲ್ಲ; ಹಿರಿಯ ಸಾಹಿತಿಯೊಬ್ಬರ ಚಿತ್ರವನ್ನು ಬಿಡಲು ಧೈರ್ಯವಿರಲಿಲ್ಲ; ಮೊದಲ ಸಲ ಪತ್ರಿಕೆಯಲ್ಲಿ ಕವಿತೆ ಬರುತ್ತಿದ್ದ ಹುಡುಗನೊಬ್ಬನ ಭಾವಚಿತ್ರವನ್ನು ಅಲ್ಲೇ ಬಿಟ್ಟು, 'ಮೂರನೆಯದು ಇನ್ನೂ ಆಗಿಲ್ಲವಂತೆ' ಎಂದು ಯಜಮಾನರಿಗೆ ಹೇಳಿದೆ. ಸಂಚಿಕೆ ಆ ಚಿತ್ರವಿಲ್ಲದೆ ಬಂತು. ಆ ಹುಡುಗ ತನ್ನ ಊರಿನಲ್ಲಿ ಮನೆಮನೆಗೆ ಹೇಳಿಟ್ಟಿದ್ದನೆಂದು ಅವನ ಪತ್ರದಿಂದ ತಿಳಿಯಿತು. ಆ ಪತ್ರವನ್ನು ಲಕೋಟೆ ಒಡೆದು ಓದಿ ಕಡತಕ್ಕೆ ಸೇರಿಸಬೇಕಾದವನು ನಾನೇ ಆಗಿದ್ದೆ.

ಮೂರು ತಿಂಗಳ ನಂತರ ನಾನೊಂದು ಕಥೆ ಬರೆದೆ. ಮುದ್ರಣಾಲಯದ ಬಡ ಹುಡುಗನೊಬ್ಬ ಬ್ಲಾಕು ತರಲು ಹೋಗುತ್ತಾನೆ; ಸಿಟಿ ಬಸ್ಸಿನಲ್ಲಿ ಕಳ್ಳನೊಬ್ಬ ಅವನ ಜೇಬು ಕತ್ತರಿಸುತ್ತಾನೆ. ಯಜಮಾನರು ಓದಿ, ಕಾಗದಗಳನ್ನು ಜೋಡಿಸಿ ಮೇಜಿನ ಮೇಲಿಟ್ಟು, 'ಎಷ್ಟಪ್ಪ ಕದ್ದ ಅವನು?' ಎಂದು ಕೇಳಿದರು. 'ಅರವತ್ತು ಸಾರ್' ಎಂದೆ. 'ಎರಡು ರೂಪಾಯಿ ಹತ್ತು ಪೈಸೆ ಅಲ್ಲವೋ?' ಎಂದರು. ಬ್ಲಾಕಿನವನು ಆ ವಾರವೇ ಅವರಿಗೆ ಹೇಳಿಬಿಟ್ಟಿದ್ದನಂತೆ. ಅವರು ಬೈಯಲಿಲ್ಲ. ಕಥೆಯನ್ನು ಹಿಂದಕ್ಕೆ ಕೊಟ್ಟು, ಆ ತಿಂಗಳ ಕರಡು ತಿದ್ದಿದ ಹಣವನ್ನು ಎಣಿಸಿಕೊಡುವಾಗ ಒಂದು ಪೈಸೆಯನ್ನೂ ಹಿಡಿದುಕೊಳ್ಳಲಿಲ್ಲ. ಹಿಡಿದುಕೊಂಡಿದ್ದರೆ ನನಗೆ ಹಗುರವಾಗುತ್ತಿತ್ತು. ನಿಮ್ಮ ಐದನೆಯ ಪುಟದಲ್ಲಿ ಆ 'ಯಾರೋ' ಕಾಣಿಸಿಕೊಂಡ ಕೂಡಲೇ ಅವನ ಗುರುತು ನನಗೆ ಹತ್ತಿದ್ದು ಹೀಗೆ.

ಇನ್ನೊಂದು ಸಣ್ಣ ವಿಷಯ, ಅದೂ ಲೆಕ್ಕದ್ದೇ. ಆರನೆಯ ಪುಟದಲ್ಲಿ ಗುಮಾಸ್ತ 'ನಾಳೆ ಎರಡನೇ ಶನಿವಾರ, ಬ್ಯಾಂಕಿಗೆ ರಜೆ' ಎನ್ನುತ್ತಾನೆ. ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರದ ರಜೆ ಬಂದದ್ದು 2015ರ ಸೆಪ್ಟೆಂಬರ್ 1ರಿಂದ. 2013ರಲ್ಲಿ ಶನಿವಾರ ಬ್ಯಾಂಕು ಅರ್ಧ ದಿನ ತೆರೆದಿರುತ್ತಿತ್ತು. ಎರಡನೆಯ ಶನಿವಾರ ಮುಚ್ಚುತ್ತಿದ್ದುದು ಸರ್ಕಾರಿ ಕಚೇರಿಗಳು. ಇದನ್ನು ಸರಿಪಡಿಸಿದರೆ ನಿಮಗೆ ಲಾಭವೇ ಇದೆ. ಶನಿವಾರ ಬೆಳಿಗ್ಗೆ ಮಹದೇವ 135 ರೂಪಾಯಿ ಹೊಂದಿಸಿಕೊಂಡು ಹೋಗಿ ಐದನೆಯ ಡಿ.ಡಿ.ಯನ್ನು ತೆಗೆಸಬಲ್ಲ, ಆದರೆ ಕಟ್ಟಬೇಕಾದ ಕಚೇರಿಯ ಬಾಗಿಲು ಸೋಮವಾರದವರೆಗೆ ತೆರೆಯುವುದಿಲ್ಲ. ಡಿ.ಡಿ. ಕೈಯಲ್ಲಿಟ್ಟುಕೊಂಡು ಅವನು ಎರಡು ರಾತ್ರಿ ಅದೇ ಕೋಣೆಯಲ್ಲಿ, ಯಾರ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡನೋ ಅವನ ಪಕ್ಕದಲ್ಲೇ ಮಲಗಬೇಕು. ಆ ಎರಡು ರಾತ್ರಿಗಳನ್ನು ಬರೆಯಿರಿ. ಗುಮಾಸ್ತನ 'ಕ್ರೂರವಾಗಿ'ಯನ್ನು ಹೊಡೆದುಹಾಕಿ. ಅವನು ದರ ಹೇಳಿದನಷ್ಟೆ. ಮಳೆಯ ವಿಷಯವನ್ನು ನಾನು ಎತ್ತುವುದಿಲ್ಲ.

ತಿದ್ದಿದ ಪ್ರತಿಯನ್ನು ಯುಗಾದಿಯ ಒಳಗೆ ಕಳಿಸಿದರೆ ನಾನೇ ಓದುತ್ತೇನೆ. ಪ್ರಕಟಿಸುತ್ತೇನೆಂಬ ಮಾತು ಇದಲ್ಲ. ಹಸ್ತಪ್ರತಿಯನ್ನು ಇದರೊಡನೆ ಹಿಂದಿರುಗಿಸಿದ್ದೇನೆ. ಮರಳಿ ಕಳಿಸಲು ನೀವಿಟ್ಟಿದ್ದ ಅಂಚೆಚೀಟಿಗಳಲ್ಲಿ ಐದು ರೂಪಾಯಿಯದೊಂದು ಹೆಚ್ಚಾಗಿತ್ತು. ಅದು ಏಳನೆಯ ಪುಟದ ಹಿಂದೆ ಇದೆ, ನೋಡಿಕೊಳ್ಳಿ.

ಇಂತು,
ಸಂಪಾದಕ